ಮೊದಲು ಹಾಡಿದವರ ಚೀಟಿ

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಟೀಚರಮ್ಮನ ಎರಡು ಅಂಗೈಗಳ ನಡುವೆ ಒಂದು ಸಣ್ಣ ಕಪ್ಪು ತಟ್ಟೆ ಇತ್ತು. ರೆಕಾರ್ಡನ್ನು ಅವರು ಎಂದೂ ಬೆರಳುಗಳಲ್ಲಿ ಹಿಡಿಯುತ್ತಿರಲಿಲ್ಲ. ಅಂಚನ್ನಷ್ಟೇ ಅಂಗೈಗಳ ಮಧ್ಯೆ ಒತ್ತಿ, ಹತ್ತು ಬೆರಳನ್ನೂ ಹೊರಕ್ಕೆ ಚಾಚಿಕೊಂಡಾಗ, ಕೈ ಮುಗಿಯಲು ಹೋಗಿ ಅರ್ಧಕ್ಕೆ ನಿಂತವರಂತೆ ಕಾಣುತ್ತಿದ್ದರು. ಅದನ್ನು ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದರು. ನಾನು ಗಡಿಯಾರ ನೋಡಿಕೊಂಡೆ, ಕಂಪನಿ ಬಸ್ಸಿಗೆ ಇನ್ನೂ ಹದಿಮೂರು ನಿಮಿಷವಿತ್ತು. ಕೈ ಚಾಚಿ ಸೌಂಡಿನ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಕೆಟ್ಟದ್ದು ಶುರುವಾದದ್ದು ಅಲ್ಲಿಂದ.

ಅವರು ಹೊಸೂರು ಪೇಟೆಯ ಹಳೆಯ ಮನೆತನದವರು. ನಮ್ಮೂರು ಜವಳಗಿರಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಬಂದವರು ನಿವೃತ್ತರಾದ ಮೇಲೂ ಪೇಟೆಗೆ ಹಿಂತಿರುಗಲಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಹಾಡು ಕೇಳೋಕೆ ಪುರ್ಸೊತ್ತು ಬೇಕಲ್ಲ" ಎನ್ನುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಮನೆ. ನಾನು ಅವರ ಕೈಯಲ್ಲಿ ಇಂಗ್ಲಿಷ್ ಕಲಿತು, ಬಿ.ಕಾಂ. ಮುಗಿಸಿ, ಹೊಸೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೇನೆ.

ಅವರಿಗೆ ಈ ಹಾಡುಗಳ ಹುಚ್ಚು ಹತ್ತಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ. ಏಳಿಂಚಿನ ಇಂಗ್ಲಿಷ್ ಪಾಪ್ ರೆಕಾರ್ಡುಗಳು, ಬದಿಗೆ ಒಂದೇ ಹಾಡು. ಪ್ರೀತಿ, ಜಗಳ, ಬಿಟ್ಟುಹೋಗುವುದು ಎಲ್ಲವೂ ಎರಡೂವರೆ ನಿಮಿಷದೊಳಗೆ ಮುಗಿಯಬೇಕು. ಆ ಕಾಲದಲ್ಲಿ ಒಬ್ಬರು ಹಾಡಿ ಬಿಟ್ಟದ್ದನ್ನು ಕೆಲವೇ ವಾರಗಳಲ್ಲಿ ಇನ್ನೊಬ್ಬರು ತಮ್ಮ ದನಿಯಲ್ಲಿ ಹಾಡಿ ಬಿಡುತ್ತಿದ್ದರಂತೆ. ಅದಕ್ಕೆ ಕವರ್ ಎನ್ನುತ್ತಾರೆ. ಎಷ್ಟೋ ಸಲ ಮೊದಲು ಹಾಡಿದವಳು ಯಾರಿಗೂ ಗೊತ್ತಿಲ್ಲದ ಕಪ್ಪು ಹುಡುಗಿ, ಅವಳ ರೆಕಾರ್ಡ್ ಕಂಪನಿಯೂ ಸಣ್ಣದು. ಎರಡನೆಯವಳು ಬಿಳಿಯಳು, ಅವಳ ಹಿಂದೆ ದೊಡ್ಡ ಕಂಪನಿ. ಸಮುದ್ರ ದಾಟಿ ನಮ್ಮವರೆಗೆ ಬರುತ್ತಿದ್ದದ್ದು ಎರಡನೆಯದು. ಮೊದಲನೆಯದನ್ನು ಹುಡುಕಲು ಟೀಚರಮ್ಮ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳನ್ನು ವರ್ಷಗಟ್ಟಲೆ ಸುತ್ತಿದ್ದಾರೆ. ಸಿಕ್ಕ ದಿನ ಎರಡನೆಯ ರೆಕಾರ್ಡಿನ ಲಕೋಟೆಯ ಮೇಲೆ ಒಂದು ಚೀಟಿ ಅಂಟಿಸುತ್ತಿದ್ದರು. ಅದರಲ್ಲಿ ಕೆಂಪು ಶಾಯಿಯಲ್ಲಿ "ಮೊದಲು ಹಾಡಿದವರು" ಎಂದು ಬರೆದು, ಮುಂದೆ ಹೆಸರು. ಗೊತ್ತಾಗದಿದ್ದರೆ ಅಷ್ಟು ಜಾಗ ಖಾಲಿ ಬಿಡುತ್ತಿದ್ದರು.

ಹಾಗೆಂದು ಕವರುಗಳನ್ನು ಅವರು ಹೀಗಳೆಯುತ್ತಿರಲಿಲ್ಲ. "ಎರಡ್ನೇದು ನಮ್ಮ ತನ್ಕ ಬರ್ದೇ ಇದ್ದಿದ್ರೆ ನಾನು ಮೊದಲ್ನೇದನ್ನ ಹುಡುಕ್ತಾನೇ ಇರ್ಲಿಲ್ಲ ಕಣ್ಲಾ," ಎನ್ನುತ್ತಿದ್ದರು.

ಏಳನೇ ತರಗತಿಯಲ್ಲಿ ನಾನು ಪಕ್ಕದವನ ಪ್ರಬಂಧವನ್ನು ಒಂದಕ್ಷರ ಬಿಡದೆ ನಕಲು ಮಾಡಿದ್ದೆ. ಅವನ ಊರು ಗುಮ್ಮಳಾಪುರ. ಪ್ರಬಂಧದಲ್ಲಿ ನನ್ನ ಊರೂ ಗುಮ್ಮಳಾಪುರವೇ ಆಗಿಬಿಟ್ಟಿತ್ತು. ಟೀಚರಮ್ಮ ಬೈಯಲಿಲ್ಲ. "ಅಕ್ಷರ ಅವನಿಗಿಂತ ಚೆನ್ನಾಗದೆ. ಕೆಳಗಡೆ ಅವನ ಹೆಸರು ಬರ್ದು ತಗೊಂಡ್ಬಾ," ಎಂದರು. ಎಲ್ಲರ ಎದುರಿಗೆ ನಾನು ಅವನ ಹೆಸರು ಬರೆದೆ. ಅಷ್ಟು ಕಷ್ಟದ ಮೂರಕ್ಷರವನ್ನು ಮತ್ತೆ ಬರೆದಿಲ್ಲ ಎಂದುಕೊಂಡಿದ್ದೆ, ಮೊನ್ನೆ ಮೊನ್ನೆಯವರೆಗೆ.

ಅವರ ಕಾಂಪೌಂಡಿಗೆ ಅಂಟಿಕೊಂಡೇ ಬಸ್ಸು ನಿಲ್ಲುವ ಜಾಗ. ಬೆಳಿಗ್ಗೆ ಆರಕ್ಕೆ ನಾನು, ರೋಜಾ ತೋಟದ ಕೆಲಸಕ್ಕೆ ಹೋಗುವ ಐದು ಜನ ಹೆಂಗಸರು ಅಲ್ಲಿ ಸೇರುತ್ತಿದ್ದೆವು. ಅವರನ್ನು ಕರೆದೊಯ್ಯಲು ಟೆಂಪೊ ಬರುತ್ತಿತ್ತು. ಟೀಚರಮ್ಮ ಪ್ಲೇಯರನ್ನು ಜಗಲಿಗೆ ತಂದು ದಿನಕ್ಕೊಂದು ಜೋಡಿ ಹಾಕುತ್ತಿದ್ದರು: ಮೊದಲು ಮೊದಲನೆಯದು, ಆಮೇಲೆ ಕವರ್. ಪದ ಒಂದೂ ತಿಳಿಯದ ಆ ಹೆಂಗಸರು ಯಾವುದು ಚೆನ್ನಾಗಿದೆ ಎಂದು ದಿನವೂ ತೀರ್ಪು ಕೊಡುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಮುಳ್ಳಿನ ಧೂಳು ಒರೆಸಿಕೊಡುತ್ತಿದ್ದೆ.

"ಮೊದಲ್ನೇದ್ರಾಗೆ ಬರೀ ಅಳ್ತಾಳೆ ಟೀಚರಮ್ಮ. ಎರಡ್ನೇದು ಕುಣಿಸ್ತದೆ. ನಂಗೆ ಅದೇ ಸಾಕು," ಎಂದಳು ಒಂದು ದಿನ ಅವರಲ್ಲಿ ಹಿರಿಯಳಾದ ಅಕ್ಕ.

"ಕುಣಿಯಮ್ಮ, ಬ್ಯಾಡ ಅಂದೋರ್ಯಾರು? ಮೊದ್ಲು ಅತ್ತೋಳು ಯಾರು ಅಂತ ತಿಳ್ಕಂಡು ಕುಣಿ."

ಅವು ರಾಗಿ ಕೊಯ್ಲಿನ ದಿನಗಳು. ಕಾಡಿನಿಂದ ಇಳಿದ ಆನೆಗಳು ಬೆಳಗಾಗುವ ಹೊತ್ತಿಗೆ ಹೊಲ ಬಿಟ್ಟು ಹಿಂತಿರುಗುತ್ತವೆ. ಅವು ಊರ ಕಡೆ ತಿರುಗಿದರೆ ಕಾವಲಿನವರು ಸೀಟಿ ಊದುತ್ತಾರೆ. ಸೀಟಿ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ನಮ್ಮೂರ ಮಕ್ಕಳಿಗೂ ಅದು ಗೊತ್ತು. ಆ ದಿನವೂ ಸೀಟಿ ಊದಿದ್ದರು. ನಮಗೆ ಕೇಳಿಸಲಿಲ್ಲ. ಕುಣಿಸುವ ಹಾಡು ಮೊಳಗುತ್ತಿತ್ತು.

ಹುಣಸೆ ಮರದ ತಿರುವಿನಲ್ಲಿ ಆನೆ ಕಂಡಾಗ ನಮಗೂ ಅದಕ್ಕೂ ನಡುವೆ ಒಂದು ಬಸ್ಸಿನಷ್ಟು ದೂರವಿತ್ತು. ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ನಾನು ಎದ್ದವನು ಎದ್ದ ಹಾಗೇ ನಿಂತೆ.

ಟೀಚರಮ್ಮ ಮುಳ್ಳನ್ನು ಎತ್ತಿದರು. ಆ ಗಳಿಗೆಯಲ್ಲೂ ತಟ್ಟೆಗೆ ಗೀರು ಬೀಳದಂತೆ ಎತ್ತಿದರು. ಹಾಡು ನಿಂತ ಮೇಲೆ ಸೀಟಿ ಕೇಳಿಸಿತು. ಅವರು ಜಗಲಿ ಇಳಿದು ಗೇಟು ತೆಗೆದು ಹಿಡಿದುಕೊಂಡು, ಮಕ್ಕಳನ್ನು ಸಾಲು ನಿಲ್ಲಿಸುವ ದನಿಯಲ್ಲಿ ಹೇಳಿದರು: "ಓಡ್ಬ್ಯಾಡಿ. ಗೋಡೆ ಹಿಡ್ಕಂಡು ಒಬ್ಬೊಬ್ರೇ ಬನ್ನಿ."

ಒಬ್ಬೊಬ್ಬರಾಗಿ ನಾಲ್ವರು ಒಳಗೆ ಬಂದರು. ಐದನೆಯವಳ ಕಾಲು ಏಳಲಿಲ್ಲ. ಅವಳು ಎಲ್ಲರಿಗಿಂತ ಚಿಕ್ಕವಳು. ಅಷ್ಟರಲ್ಲಿ ಟೀಚರಮ್ಮನಿಗೆ ಉಸಿರು ಹತ್ತಿಕೊಂಡಿತು. ಗೇಟಿನ ಕಂಬದ ಹಿಂದೆ, ದಾಸವಾಳದ ಗಿಡದ ಪಕ್ಕಕ್ಕೆ ಒರಗಿಕೊಂಡು ನನ್ನ ಕಡೆ ತಿರುಗಿದರು.

"ನೀನ್ ಹೇಳ್ಲಾ."

ಆಗ ಮಾತ್ರ ನನ್ನ ಕಾಲುಗಳು ಕದಲಿದವು. ಗೇಟಿಗೆ ಬಂದು ಅವರ ಮಾತನ್ನೇ ಹೇಳಿದೆ: ಓಡ್ಬ್ಯಾಡ, ಗೋಡೆ ಹಿಡ್ಕಂಡು ಬಾ. ಹುಡುಗಿಯ ಕೈಗೆ ನನ್ನ ಕೈ ಸಿಕ್ಕಿತು, ಎಳೆದುಕೊಂಡೆ. ಇಬ್ಬರೂ ಬಾಗಿಲಿನ ಕಡೆ ಓಡಿದೆವು. ಆನೆ ಯಾರನ್ನೂ ಅಟ್ಟಿಸಿಕೊಂಡು ಬರಲಿಲ್ಲ. ಕಿರಿದಾದ ರಸ್ತೆಯಲ್ಲಿ ತನ್ನ ಪಾಡಿಗೆ ನಡೆದುಹೋಗುತ್ತಾ ಮಗ್ಗುಲನ್ನು ಕಾಂಪೌಂಡಿಗೆ ಒರೆಸಿಕೊಂಡಿತು, ಅಷ್ಟೇ. ಗೋಡೆ ಒಳಕ್ಕೆ ಬಿತ್ತು. ಟೀಚರಮ್ಮ ಅದರ ಈಚೆಗಿದ್ದರು. ಅವರನ್ನು ಹಿಂದೆ ಬಿಟ್ಟು ಬಂದಿದ್ದೇನೆ ಎಂದು ನನಗೆ ಹೊಳೆದದ್ದು ಇಟ್ಟಿಗೆಗಳ ಸದ್ದು ಕೇಳಿದ ಮೇಲೆ.

ಸೊಂಟದ ಮೂಳೆ ಮುರಿದಿತ್ತು. ಹೊಸೂರಿನ ಆಸ್ಪತ್ರೆಗೆ ಸೇರಿಸಿದೆವು.

ಎದುರು ಮನೆಯ ಮಹಡಿಯಿಂದ ಯಾರೋ ಫೋನಿನಲ್ಲಿ ಅದನ್ನು ಹಿಡಿದಿದ್ದರು. ಅವರು ಫೋನು ತೆಗೆಯುವಷ್ಟರಲ್ಲಿ ನಾಲ್ವರು ಒಳಗೆ ಬಂದಾಗಿತ್ತು. ವೀಡಿಯೊ ಶುರುವಾಗುವುದು ನಾನು ಗೇಟಿನಲ್ಲಿ ನಿಂತು ಕೈ ಚಾಚುವಲ್ಲಿಂದ. ಟೀಚರಮ್ಮನನ್ನು ಕಂಬವೂ ದಾಸವಾಳವೂ ಮರೆಮಾಡಿದ್ದವು. ಸಂಜೆಯೊಳಗೆ ಅದು ಊರೂರು ಸುತ್ತಿತು. ಮರುದಿನ ಕಾರ್ಖಾನೆಯಲ್ಲಿ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಶಾಲು ಹೊದಿಸಿದರು. ವೀಡಿಯೊದ ಒಂದು ಚಿತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟರು. ಸೂಪರ್‌ವೈಸರ್ ಬೆನ್ನು ತಟ್ಟಿ, "ನೀ ತಾನ್‌ಪಾ ಹೀರೋ," ನೀನೇ ಕಣಪ್ಪ ಹೀರೋ ಎಂದು ತಮಿಳಿನಲ್ಲಿ ಹೊಗಳಿದರು. ನಾನು ಬಾಯಿ ಬಿಟ್ಟು ಅಲ್ಲ ಎನ್ನಲಿಲ್ಲ. ಹೇಳಲು ಹೊರಟರೆ ಗೇಟಿನ ವಿಷಯಕ್ಕೆ ನಿಲ್ಲುವುದಿಲ್ಲ, ಸೌಂಡಿನ ಗುಂಡಿಯನ್ನೂ ಹೇಳಬೇಕಾಗುತ್ತಿತ್ತು.

ಆ ಸಂಜೆ ಶಾಲನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ನರ್ಸು ಅವರಿಗೆ ವೀಡಿಯೊ ಆಗಲೇ ತೋರಿಸಿದ್ದಳು.

"ನೋಡ್ದೆ ಕಣ್ಲಾ. ಕವರು ಚೆನ್ನಾಗಿ ಬಂದದೆ," ಎಂದು ನಕ್ಕರು. ನಕ್ಕರೆ ಸೊಂಟ ನೋಯುತ್ತಿತ್ತು.

"ಸೌಂಡು ಜಾಸ್ತಿ ಮಾಡಿದ್ದು ನಾನು, ಟೀಚರಮ್ಮ."

"ಹಾಡು ಹಾಕಿದ್ದು ನಾನಲ್ವೇನ್ಲಾ?"

"ನಿಮ್ಮನ್ನ ಅಲ್ಲೇ ಬಿಟ್ಟು ಓಡ್ಬುಟ್ಟೆ."

"ಆ ಹುಡುಗಿ ಕೈ ಬಿಟ್ಟೇನ್ಲಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ? ಹೋಗು, ಬಸ್ಸು ಹೊರಟೋಯ್ತದೆ." ನಾನು ಎದ್ದಾಗ ಹೊದಿಕೆಯಿಂದ ಕೈ ಹೊರಗೆ ತೆಗೆದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಪ್ಲೇಯರ್ ಮೇಲಿರೋ ಪ್ಲೇಟ್‌ನ ಲಕೋಟೆಗೆ ಹಾಕು. ಧೂಳು ಕೂತ್ಕಂತದೆ."

ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ಎದೆಗೆ ಕಫ ಕಟ್ಟಿತು. ನಾಲ್ಕನೆಯ ದಿನ ತೀರಿಕೊಂಡರು. ಕೃಷ್ಣಗಿರಿಯಿಂದ ಬಂದ ಅವರ ತಮ್ಮನ ಮಗ ಕಾರ್ಯವೆಲ್ಲ ಮುಗಿಸಿ, "ಈ ಪ್ಲೇಟುಗಳು ನಮಗೆ ತಿಳಿಯಲ್ಲ, ನೀವೇ ಇಟ್ಕೊಳಿ," ಎಂದು ಬೀಗದ ಕೈ ಕೊಟ್ಟು ಹೋದರು.

ನನಗೆ ನಿದ್ದೆ ಹೋಗಿತ್ತು. ಎಷ್ಟು ತಡವಾಗಿ ಮಲಗಿದರೂ ಹೊತ್ತಿಗೆ ಮುಂಚೆ ಎಚ್ಚರವಾಗಿ, ಗಡಿಯಾರ ಆರು ಹನ್ನೆರಡಕ್ಕೆ ಬರುವುದನ್ನು ಕಾಯುತ್ತಾ ಕೂರುತ್ತಿದ್ದೆ. ಮನಸ್ಸಿನಲ್ಲಿ ಅದೇ ಮತ್ತೆ ಮತ್ತೆ ತಿರುಗುತ್ತಿತ್ತು. ಒಂದು ದಿನ ಗಮನಿಸಿದೆ: ನೆನಪಿನಲ್ಲಿ ನನಗೆ ಕಾಣುತ್ತಿದ್ದದ್ದು ನನ್ನದೇ ತಲೆ, ನನ್ನದೇ ಚಾಚಿದ ಕೈ, ಎದುರು ಮಹಡಿಯಿಂದ ನೋಡಿದಂತೆ. ಟೀಚರಮ್ಮ ಅದರಲ್ಲಿ ಇರಲಿಲ್ಲ. ಆನೆಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಹೆದರಿದ್ದು ಆಗ. ಕಣ್ಣಾರೆ ಕಂಡವನ ತಲೆಯಿಂದಲೂ ಮೊದಲನೆಯದು ಅಳಿಸಿಹೋಗುತ್ತಿತ್ತು.

ಆ ಬೆಳಿಗ್ಗೆಯೇ, ಬಿದ್ದ ಗೋಡೆಯ ಹತ್ತಿರ ನಿಂತು ಐದು ಜನಕ್ಕೂ ಹೇಳಿದೆ. ಸೌಂಡು ಏರಿಸಿದ್ದು ನಾನು, ಸೀಟಿ ಕೇಳಿಸದೆ ಹೋದದ್ದು ಅದರಿಂದ. ನಿಮ್ಮನ್ನು ಕರೆದವರು ಟೀಚರಮ್ಮ, ನಾನು ನಿಂತು ನೋಡುತ್ತಿದ್ದೆ. ಅವರು ಹೇಳು ಎಂದ ಮೇಲೆ ಹೇಳಿದೆ. ಆಮೇಲೆ ಅವರನ್ನು ಬಿಟ್ಟು ಓಡಿದೆ.

ಯಾರೂ ಬೈಯಲಿಲ್ಲ. ಹಿರಿಯ ಅಕ್ಕ ಊಟದ ಡಬ್ಬಿಯನ್ನು ಇಟ್ಟಿಗೆಯ ಮೇಲಿಟ್ಟಳು.

"ಸೌಂಡ್ ಏರಿಸಪ್ಪ ಅಂತ ಗೋಡೆಯಾಚೆಯಿಂದ ಕೂಗಿದ್ಯಾರು? ನಾನಲ್ವಾ? ಇವತ್ತಿನ ಗಂಟ ಯಾರ ಹತ್ರಾನೂ ಬಾಯ್ ಬಿಟ್ಟಿಲ್ಲ ನಾನು."

"ನಮ್ಮನ್ನ ಒಳಕ್ಕೆ ಕರ್ದಿದ್ದು ಟೀಚರಮ್ಮ ಅಂತ ನಮಗೆ ಗೊತ್ತಿಲ್ವಾ?" ಎಂದಳು ಇನ್ನೊಬ್ಬಳು.

"ಮತ್ತೆ ಯಾಕೆ ಯಾರ್ಗೂ ಹೇಳ್ಲಿಲ್ಲ?"

"ನಮ್ಮನ್ನ ಯಾರ್ ಕೇಳುದ್ರು?"

ನಾನು ಕೈ ಹಿಡಿದು ಎಳೆದ ಹುಡುಗಿ ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದಳು: "ನೀವು ಯಾವಾಗ ಹೇಳ್ತೀರ ಅಂತ ಕಾಯ್ತಿದ್ವಿ ಅಣ್ಣ."

ಕಾರ್ಖಾನೆಯಲ್ಲಿ ಶಿಫ್ಟಿಗೆ ಮುಂಚಿನ ಮೀಟಿಂಗಿನಲ್ಲಿ ಅದನ್ನೇ ಮತ್ತೊಮ್ಮೆ ತಮಿಳಿನಲ್ಲಿ ಹೇಳಿದೆ. ಸೂಪರ್‌ವೈಸರ್ ಈ ಸಲ ಬೆನ್ನು ತಟ್ಟಲಿಲ್ಲ. ಸಂಜೆ ಟೀಚರಮ್ಮನ ಮನೆಯ ಬೀಗ ತೆಗೆದೆ. ತಟ್ಟೆ ಇನ್ನೂ ಪ್ಲೇಯರಿನ ಮೇಲೇ ಇತ್ತು, ಧೂಳು ಕೂತಿತ್ತು. ಒರೆಸಿ, ಅಂಗೈಗಳ ನಡುವೆ ಹಿಡಿದು ಲಕೋಟೆಗೆ ಹಾಕಿದೆ. ಅದರ ಜೋಡಿಯನ್ನು, ಅಳುವ ಹುಡುಗಿಯ ರೆಕಾರ್ಡನ್ನು, ತೆಗೆದು ಸಣ್ಣ ದನಿಯಲ್ಲಿ ಕೊನೆಯವರೆಗೆ ಕೇಳಿದೆ. ಆಮೇಲೆ ಅವರ ಕೆಂಪು ಶಾಯಿಯ ಪೆನ್ನಿನಲ್ಲಿ ಒಂದು ಚೀಟಿ ಬರೆದು ಕಾರ್ಖಾನೆಯವರು ಕೊಟ್ಟ ಚಿತ್ರದ ಗಾಜಿನ ಮೇಲೆ, ನನ್ನ ಚಾಚಿದ ಕೈಯ ಕೆಳಗೆ ಅಂಟಿಸಿದೆ. ಮೊದಲು ಮಾಡಿದವರು, ಮುಂದೆ ಅವರ ಪೂರ್ತಿ ಹೆಸರು. ಆ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ನಮಗೆಲ್ಲ ಅವರು ಟೀಚರಮ್ಮ ಅಷ್ಟೇ ಆಗಿದ್ದರು.

ಆ ದಿನ ಬೇಗ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಕಂಪನಿ ಬಸ್ಸು ಹೋಗಿಬಿಟ್ಟಿತ್ತು. ಆರು ಗಂಟೆ ಹನ್ನೆರಡು ನಿಮಿಷ ನನ್ನನ್ನು ಎಬ್ಬಿಸದೆ ದಾಟಿಹೋಗಿತ್ತು.