ಗಜನಿಯಲ್ಲಿ ನೆಟ್ಟ ಗೂಟ

ನಾನು ಚಿಕ್ಕವಳಿದ್ದಾಗ ನಮ್ಮ ಭತ್ತ ಉಪ್ಪುನೀರಿನಲ್ಲಿ ಬೆಳೆಯುತ್ತಿತ್ತು. ಅಜ್ಜಿ ಬುರುಡೆ ಬಿಡುತ್ತಾಳೆ ಅಂದುಕೊಳ್ಳಬೇಡಿ, ನಿಜವಾಗಿಯೂ. ಕುಮಟೆಯಿಂದ ಆಚೆ, ಹೊಳೆ ಸಮುದ್ರ ಸೇರುವ ಕಡೆ ನಮ್ಮೂರಿನ ತಗ್ಗು ಗದ್ದೆಗಳಿದ್ದವು. ಅವಕ್ಕೆ ಗಜನಿ ಎನ್ನುತ್ತಿದ್ದೆವು. ದಿನಕ್ಕೆರಡು ಸಲ ಭರತ ಬಂದಾಗ ಸಮುದ್ರದ ನೀರು ಹೊಳೆಯೊಳಗೆ ಹಿಂದಕ್ಕೆ ನುಗ್ಗಿ ಬರುತ್ತಿತ್ತು. ಅದನ್ನು ತಡೆಯಲು ಊರವರೆಲ್ಲ ಸೇರಿ ಉದ್ದಕ್ಕೆ ಮಣ್ಣಿನ ಒಡ್ಡು ಕಟ್ಟಿದ್ದರು. ಮಳೆ ಬಿದ್ದು ಉಪ್ಪು ಸ್ವಲ್ಪ ಇಳಿದ ಮೇಲೆ ಅಲ್ಲಿ ಕಗ್ಗ ಎಂಬ ಭತ್ತ ಬಿತ್ತುತ್ತಿದ್ದರು.

ಬೇರೆ ಭತ್ತ ಆ ನೀರಿನಲ್ಲಿ ಎರಡು ದಿನ ಉಳಿಯದು. ಕಗ್ಗ ಮಾತ್ರ ಹಟಮಾರಿ. ನನ್ನ ತಲೆಗಿಂತ ಎತ್ತರಕ್ಕೆ ಬೆಳೆದು, ಮೊಣಕಾಲುದ್ದ ನೀರಿನಲ್ಲಿ ಆರಾಮಾಗಿ ನಿಲ್ಲುತ್ತಿತ್ತು. ಬುಡದಲ್ಲಿ ಏಡಿ, ಸಣ್ಣ ಮೀನು, ಸೀಗಡಿ ಓಡಾಡುತ್ತಿದ್ದವು. ನಾವು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಿದ್ದೆವು. ಕಗ್ಗದ ಅಕ್ಕಿ ಕೆಂಪಗೆ, ದಪ್ಪಗೆ ಇರುತ್ತಿತ್ತು. ಬೆಳಿಗ್ಗೆ ಅದರ ಗಂಜಿ ಕುಡಿದು ಶಾಲೆಗೆ ಹೋದರೆ ಮಧ್ಯಾಹ್ನದವರೆಗೆ ಹೊಟ್ಟೆ ಸುಮ್ಮನಿರುತ್ತಿತ್ತು. ಗಜನಿಯ ಕೆಸರಿನ ವಾಸನೆ ಹೊರಗಿನವರಿಗೆ ಹಿಡಿಸುತ್ತಿರಲಿಲ್ಲ. ನನಗೆ ಈಗಲೂ ಅದೇ ಮನೆಯ ವಾಸನೆ.

ಒಡ್ಡಿಗೆ ಒಂದು ಕಡೆ ಹಲಗೆಯ ಬಾಗಿಲಿತ್ತು. ಇಳಿತದ ಹೊತ್ತಿಗೆ ಅದನ್ನು ತೆಗೆದು ಗದ್ದೆಯ ನೀರು ಬಿಡುವುದು, ಭರತದ ಹೊತ್ತಿಗೆ ಹಾಕುವುದು ನನ್ನ ಮಾವನ ಕೆಲಸ. ಮಾವ ಎಂದರೆ ಅಮ್ಮನ ತಮ್ಮ. ನನಗೆ ಈಜು ಕಲಿಸಿದವನು ಅವನು, ಕಚ್ಚಿಸಿಕೊಳ್ಳದೆ ಏಡಿ ಹಿಡಿಯುವುದನ್ನು ತೋರಿಸಿದವನೂ ಅವನೇ. ಕುಮಟೆಯ ಸಂತೆಗೆ ಹೋದರೆ ನನಗೆಂದು ಏನಾದರೂ ತಾರದೆ ಬರುತ್ತಿರಲಿಲ್ಲ. ಅಕ್ಕನಿಗೆ ಇದರಿಂದ ಉರಿ. ಅಪ್ಪನಂತೂ ಮಾವ ಹೇಳಿದ್ದನ್ನು ಎರಡನೇ ಸಲ ಯೋಚಿಸುತ್ತಲೇ ಇರಲಿಲ್ಲ.

ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ಒಡ್ಡು ಒಂದು ಕಡೆ ಬಿರುಕು ಬಿಟ್ಟಿತು. ಅಲ್ಲಿಂದ ಉಪ್ಪುನೀರು ಜಿನುಗಿ, ನಮ್ಮ ಗದ್ದೆಯ ಒಂದು ಮೂಲೆಯ ಕಗ್ಗ ಕೆಂಪಾಗಿ ಮುರುಟಿತು. ಉಳಿದ ಕಡೆ ಬೆಳೆ ಚೆನ್ನಾಗಿತ್ತು. ಅಪ್ಪ ದಿನಾ ಒಡ್ಡಿನ ಮೇಲೆ ನಿಂತು ಬಿರುಕನ್ನು ನೋಡುತ್ತಿದ್ದ. ಮುಂದಿನ ಮಳೆಗಾಲಕ್ಕೆ ಇದು ತಡೆಯುವುದಿಲ್ಲ, ಇಡೀ ಗಜನಿ ಉಪ್ಪಾಗುತ್ತದೆ, ಊರವರು ಮಣ್ಣು ಹೊತ್ತು ಹಾಕಿದರೆ ಸಾಲದು, ಕಲ್ಲೇ ಬೇಕು ಎಂದು ಅಮ್ಮನ ಹತ್ತಿರ ಹೇಳುತ್ತಿದ್ದ.

ದೀಪಾವಳಿ ಕಳೆದ ವಾರ ಕಚೇರಿಯಿಂದ ಒಬ್ಬ ಸಾಹೇಬರು ತಕ್ಕಡಿ, ಹಗ್ಗ, ದಪ್ಪ ಪುಸ್ತಕ ತೆಗೆದುಕೊಂಡು ಬಂದರು. ಊರಿನ ಬೆಳೆ, ದನಕರುಗಳಿಂದ ಸರಾಸರಿ ಎಷ್ಟು ಬೆಲೆಯ ಹುಟ್ಟುವಳಿ ಬರುತ್ತದೆ ಎಂದು ಅಳೆಯುವುದು ಅವರ ಕೆಲಸವಂತೆ. ಮೊದಲು ಕೊಟ್ಟಿಗೆಗೆ ಬಂದು ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎಮ್ಮೆಯನ್ನು ಹಿಂದೆ ಮುಂದೆ ನೋಡಿ ಅದಕ್ಕೊಂದು ಬೆಲೆ ಬರೆದುಕೊಂಡರು. ಕೋಳಿಗಳಿಗೂ ಬೆಲೆ ಬರೆದರು. ನಮ್ಮ ಹುಂಜವನ್ನು ಮಾರುವುದೇ ಇಲ್ಲ, ಅದಕ್ಕೆಂಥ ಬೆಲೆ ಎಂದು ಅಮ್ಮ ವಾದಕ್ಕೆ ನಿಂತಳು. ಸಾಹೇಬರು ನಕ್ಕು ಆ ಸಾಲನ್ನು ಖಾಲಿ ಬಿಟ್ಟರು. ಒಳ್ಳೆಯ ಮನುಷ್ಯ ಅನ್ನಿಸಿತು ನನಗೆ.

ಆಮೇಲೆ ಎಲ್ಲರೂ ಗಜನಿಗೆ ಹೋದೆವು. ಇಡೀ ಗಜನಿಯ ಭತ್ತವನ್ನು ಯಾರೂ ತೂಗಲಾರರು. ಅದಕ್ಕೆ ಒಂದು ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು ತೂಗಿ, ಅದರ ಮೇಲೆ ಉಳಿದದ್ದನ್ನು ಲೆಕ್ಕ ಹಾಕುತ್ತಿದ್ದರು. ಚೌಕ ಎಲ್ಲಿ ಎಂದು ಯಾರೂ ಆರಿಸುವ ಹಾಗಿರಲಿಲ್ಲ. ಪುಸ್ತಕದಲ್ಲಿ ಬಂದ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದು ಸಂಖ್ಯೆಯಷ್ಟು ಹೆಜ್ಜೆ ಅಡ್ಡಕ್ಕೆ ನಡೆದು, ನಿಂತಲ್ಲಿ ಗೂಟ ನೆಡಬೇಕು. ನಮ್ಮ ಗಜನಿಗೆ ಒಂದೇ ಚೌಕ, ಅದೂ ಅಪ್ಪನ ಗದ್ದೆಯಲ್ಲಿ. ಸಾಹೇಬರು ಪ್ಯಾಂಟು ಮಡಚಿಕೊಂಡು ನಡೆದು, ಕೆಂಪು ಬಟ್ಟೆ ಕಟ್ಟಿದ ಗೂಟವನ್ನು ನೆಟ್ಟದ್ದು ತೆನೆ ತೂಗಾಡುವ ಒಳ್ಳೆಯ ಜಾಗದಲ್ಲಿ. ಅಪ್ಪನ ಮುಖ ಅರಳಿತು. ಊಟ ಮುಗಿಸಿ ಬಂದು ಆ ಗೂಟದಿಂದ ಹಗ್ಗ ಎಳೆದು ಚೌಕ ಹಾಕೋಣ ಎಂದು ಎಲ್ಲರೂ ಮನೆಗೆ ಹೊರಟರು.

ಮಾವ ನನ್ನನ್ನು ಹಿಂದೆ ಉಳಿಸಿಕೊಂಡ. ಹಲಗೆ ಬಾಗಿಲ ಹತ್ತಿರ ಕುಳಿತು, ನನ್ನ ಕೈ ಹಿಡಿದು ಹೇಳಿದ: "ಮಗಾ, ಸಾಹೇಬ್ರು ಅಳತೆ ಮಾಡೂದು ಲೆವಿ ಹಾಕೂಕೆ. ಗೂಟ ಅಲ್ಲೇ ಇದ್ರೆ ನಿಮ್ಮನೆ ಭತ್ತ ಎಲ್ಲ ಹೋಗ್ತದೆ. ಅದ್ನ ಕಿತ್ತು ಆ ಕೆಂಪಾದ ಮೂಲೆಗೆ ನೆಟ್ಟು ಬಾ. ಅಪ್ಪಂಗೆ ಹೇಳ್ಬೇಡ. ಭಾವಂಗೆ ಸುಳ್ಳು ಹೇಳೂಕೆ ಬರೂದಿಲ್ಲ."

ಲೆವಿ ಎಂದರೆ ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಸರ್ಕಾರದವರು ಬೆಳೆದವರ ಮನೆಯಿಂದ ಇಷ್ಟು ಭತ್ತ ಕೊಡಲೇಬೇಕೆಂದು ಕಡಿಮೆ ದರಕ್ಕೆ ಒಯ್ದಿದ್ದರು. ಆ ಮಳೆಗಾಲದಲ್ಲಿ ಅಮ್ಮ ಗಂಜಿಗೆ ನೀರು ಹೆಚ್ಚು ಹೊಯ್ದದ್ದು ನನಗೆ ನೆನಪಿತ್ತು. ಅಪ್ಪನನ್ನು ಉಳಿಸುವ ಕೆಲಸ ನನಗೆ ಸಿಕ್ಕಿದೆ, ಅಕ್ಕನಿಗಲ್ಲ ಎಂದು ಎದೆ ಉಬ್ಬಿತು. "ಆತು ಮಾವ" ಎಂದೆ.

ದೊಡ್ಡವರು ಹೋಗಿದ್ದರೆ ಕಗ್ಗದ ಮೇಲೆ ತಲೆ ಕಾಣುತ್ತಿತ್ತು. ನಾನು ಅದರೊಳಗೆ ಮುಳುಗಿಯೇ ಹೋದೆ. ತೆನೆಯ ಮುಳ್ಳು ಕೆನ್ನೆಗೆ ಗೀರುತ್ತಿತ್ತು, ಬಿಸಿಲಿಗೆ ನೀರು ಬೆಚ್ಚಗಾಗಿತ್ತು, ಕಾಲ ಬೆರಳ ಸಂದಿಯಲ್ಲಿ ಕೆಸರು ಪಿಚಪಿಚ ಎನ್ನುತ್ತಿತ್ತು. ಗೂಟ ಸುಲಭವಾಗಿ ಬಂತು. ತೂತಿನೊಳಗೆ ಕೆಸರು ತಾನಾಗಿಯೇ ತುಂಬಿಕೊಂಡಿತು. ಮುರುಟಿದ ಮೂಲೆಗೆ ಹೋಗಿ ಅದನ್ನು ನೆಟ್ಟು, ಮೇಲೆ ನಿಂತು ತುಳಿದು ಬಿಗಿ ಮಾಡಿದೆ. ಸೊಂಟದವರೆಗೆ ಕೆಸರು ಮೆತ್ತಿಕೊಂಡು ಒಡ್ಡು ಹತ್ತಿದಾಗ ಮಾವ ತಲೆ ಸವರಿ, ನೀನೇ ಜಾಣೆ ಎಂದ. ಅಷ್ಟು ಖುಷಿಯಾದ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಅದನ್ನು ನೆನೆದರೇ ಈಗ ಹೆಚ್ಚು ಸಂಕಟ.

ಊಟ ಮುಗಿಸಿ ಬಂದವರಲ್ಲಿ ಅಪ್ಪನೇ ಮೊದಲು ನಿಂತ. ತನ್ನ ಗದ್ದೆ ಅವನಿಗೆ ಅಂಗೈಯಷ್ಟು ಗೊತ್ತು.

"ಗೂಟ ಇಲ್ಲಿರ್ಲಿಲ್ಲ ಸಾಹೇಬ್ರೆ" ಎಂದ.

ಸಾಹೇಬರು ಪುಸ್ತಕ ನೋಡಿದರು, ಕೆಸರನ್ನು ನೋಡಿದರು. ಇನ್ನೊಮ್ಮೆ ಹೆಜ್ಜೆ ಎಣಿಸಲು ಅವರಿಗೆ ಮನಸ್ಸಿದ್ದಂತೆ ಕಾಣಲಿಲ್ಲ. ಮಾವ ಮುಂದೆ ಬಂದು ಅಪ್ಪನ ಭುಜದ ಮೇಲೆ ಕೈ ಇಟ್ಟ. "ಇಲ್ಲೇ ಇತ್ತು ಭಾವ. ನಾ ಕಂಡಿದ್ದೆ." ಅಪ್ಪ ಮಾವನ ಮುಖ ನೋಡಿ, ಹಗ್ಗ ಕೈಗೆ ತೆಗೆದುಕೊಂಡ. ಮಾವ ಕಂಡಿದ್ದೇನೆ ಎಂದ ಮೇಲೆ ಮುಗಿಯಿತು.

ಹಗ್ಗ ಎಳೆದರು, ಕೊಯ್ದರು, ಬಡಿದು ಕಾಳು ಬಿಡಿಸಿದರು. ಗಾಳಿಗೆ ತೂರಿದಾಗ ಅರ್ಧಕ್ಕರ್ಧ ಜೊಳ್ಳು ಹಾರಿಹೋಯಿತು. ಉಳಿದದ್ದು ತಕ್ಕಡಿಯ ತಟ್ಟೆಯ ತಳವನ್ನೂ ಮುಚ್ಚಲಿಲ್ಲ. ಸಾಹೇಬರು ಬರೆದು, ಗುಣಿಸಿ, ಪೆನ್ನು ಮುಚ್ಚಿದರು. ಅವರಿಗೇ ಬೇಸರವಾದಂತಿತ್ತು. ಇಷ್ಟು ಬೆಲೆಯ ಬೆಳೆಗೆ ಕಲ್ಲಿನ ಒಡ್ಡು ಯಾರೂ ಕಟ್ಟಿಸಿಕೊಡುವುದಿಲ್ಲ, ಬೆಳೆ ಚೆನ್ನಾಗಿ ಬಂದರೆ ಕಟ್ಟಿಸಬಹುದು ಎಂದೇ ಈ ಅಳತೆಗೆ ಕಳಿಸಿದ್ದರು ಎಂದರು. ಅಪ್ಪ, ಇದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದ. "ಹೋದ ತಿಂಗಳೇ ನಿಮ್ಮ ಭಾವಮೈದುನರಿಗೆ ಹೇಳಿ ಹೋಗಿದ್ದೆ. ಅವರು ಹೇಳಲಿಲ್ವಾ?" ಎಂದರು ಸಾಹೇಬರು.

ಮಾವನ ಅಂಗಿ ಹಿಡಿದು ಎಳೆದೆ. "ಮಾವ, ಲೆವಿ ಅಂದೆ ಅಲ್ದಾ ನೀನು?"

ಮಾವ ನಕ್ಕ. "ಎಂತ ಲೆವಿ? ಈ ಮಕ್ಕಳಿಗೆ ಎಂತೆಂತದೋ ತಲೆಗೆ ಬರ್ತದೆ" ಎಂದು ಸಾಹೇಬರಿಗೆ ಹೇಳಿದ. ಅವರೂ ನಕ್ಕರು. ನನ್ನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಸಾಹೇಬರು ಇನ್ನೊಮ್ಮೆ ಚೌಕ ಹಾಕುತ್ತಿದ್ದರೋ ಏನೋ. ಆದರೆ ನಾನು ಕಾಯುತ್ತಿದ್ದೆ. ಮಾವ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವನ ಬಾಯಿಯನ್ನೇ ನೋಡುತ್ತಾ ನಿಂತೆ. ಅಷ್ಟರಲ್ಲಿ ಅವರು ತಕ್ಕಡಿ ಕಟ್ಟಿಕೊಂಡು ಹೊರಟೇ ಹೋದರು.

ಅಪ್ಪ ನನ್ನ ಸೊಂಟದವರೆಗಿನ ಕೆಸರನ್ನು ನೋಡಿದ. ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ನೀರು ಸೇದಿ, ತಾನೇ ನನ್ನ ಕಾಲು ತೊಳೆದ. ಎಂದೂ ಹಾಗೆ ಮಾಡಿದವನಲ್ಲ. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಒಡ್ಡು ಒಡೆಯಿತು. ಉಪ್ಪಾದ ಗಜನಿಯನ್ನು ಪೇಟೆಯ ಒಬ್ಬ ವ್ಯಾಪಾರಿ ಸೀಗಡಿ ಹಿಡಿಯಲು ಗುತ್ತಿಗೆಗೆ ಹಿಡಿದ. ಅದರಲ್ಲಿ ಮಾವನದೊಂದು ಪಾಲಿತ್ತು. ಅಳತೆಗಿಂತ ಮೊದಲೇ ಮಾತಾಗಿತ್ತಂತೆ. ಅಪ್ಪ ಆಮೇಲೆ ಬೇರೆಯವರ ಗದ್ದೆಗೆ ಕೆಲಸಕ್ಕೆ ಹೋದ. ಮಾವ ಸಂತೆಯಿಂದ ನನಗೆಂದು ತಂದ ಹೊಸ ಲಂಗವನ್ನು ನಾನು ಮುಟ್ಟಲಿಲ್ಲ. ಅಕ್ಕ ಉಟ್ಟುಕೊಂಡಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ನೀವು ಈಗ ರಜೆಗೆ ಬಂದಾಗ ಹೊಳೆಯ ಸೇತುವೆಯ ಮೇಲೆ ನಿಂತು ಆ ಗಜನಿಯ ನೀರಿನ ಫೋಟೋ ತೆಗೆಯುತ್ತೀರಿ. ಚಂದವೇ ಇದೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಅಕ್ಕಿ ಅಂಗಡಿಯಿಂದ ಬಿಳಿ ಚೀಲದಲ್ಲಿ ಬರುತ್ತದೆ. ಈಗ ಬೆಳೆ ಅಳೆಯುವವರು ಫೋನು ಹಿಡಿದು ಬರುತ್ತಾರೆ, ಎಲ್ಲಿ ನಿಂತಿದ್ದಾರೆ ಎಂದು ಫೋನೇ ಬರೆದುಕೊಳ್ಳುತ್ತದೆ, ಯಾವ ಹುಡುಗಿಗೂ ಗೂಟ ಕೀಳುವ ಕೆಲಸ ಬರುವುದಿಲ್ಲ. ಅಜ್ಜಿ ಸೀಗಡಿ ಯಾಕೆ ತಿನ್ನುವುದಿಲ್ಲ ಎಂದು ಕೇಳುತ್ತಿದ್ದಿರಲ್ಲ, ಈಗ ತಿಳಿಯಿತೇ?

ಆದರೆ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಅದಕ್ಕೆಲ್ಲ ಅಲ್ಲ. ನೀವು ಏನಾದರೂ ಒಡೆದರೆ ಸಂಜೆಯೊಳಗೆ ಬಂದು ಹೇಳಿಬಿಡುತ್ತೀರಿ, ಯಾರು ಹೇಳಿ ಮಾಡಿಸಿದರು ಎಂಬುದನ್ನೂ ಸೇರಿಸಿ. ನಿಮ್ಮ ಅಪ್ಪ ಅಮ್ಮ ಗದರುತ್ತಾರೆ, ನೀವು ಅಳುತ್ತೀರಿ, ಊಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನನ್ನ ಅಪ್ಪ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದ. ನಾನು ಇದನ್ನು ಅವನಿಗೆ ಹೇಳಲೇ ಇಲ್ಲ.