ಕತ್ತಲೆ ಹುಡುಕಿಕೊಂಡು ಹೊರಟ ನಾರ್ಬರ್ಟ್

ಬಟ್ಟೆ ಒಗೆಯುವ ಯಂತ್ರ ರಿಪೇರಿಗೆ ಬಂದವನು ಮೊದಲು ಯಂತ್ರ ನೋಡಬೇಕು. ನಾರ್ಬರ್ಟ್ ಲಿಂಡ್‌ಕ್ವಿಸ್ಟ್ ಹಾಗಲ್ಲ. ಸೀದಾ ಹಿತ್ತಿಲಿಗೆ ಹೋಗಿ, ಕತ್ತೆತ್ತಿ ಆಕಾಶ ನೋಡಿ, "ಇಲ್ಲಿ ರಾತ್ರಿ ಬೀದಿದೀಪದ ಬೆಳಕು ಬೀಳುತ್ತೇನ್ರೀ?" ಎಂದು ಕೇಳುತ್ತಾನೆ. ಸ್ಯಾನ್ ಡಿಯಾಗೋದ ಅರ್ಧ ಹೆಂಗಸರು ಇವನು ಕಳ್ಳನಿರಬೇಕೆಂದು ಅನುಮಾನಪಟ್ಟವರೇ. ಕಳ್ಳನಲ್ಲ, ನಕ್ಷತ್ರದ ಹುಚ್ಚ. ನನ್ನನ್ನು ಕೇಳಿದರೆ ಕಳ್ಳನೇ ವಾಸಿ, ಕೆಲಸ ಮುಗಿದ ಮೇಲೆ ಹೊರಟಾದರೂ ಹೋಗುತ್ತಾನೆ.

ಐವತ್ತು ದಾಟಿದ ಈ ಹುಚ್ಚನಿಗೆ ನಮ್ಮ ಇದಾಲೀನಾಳನ್ನು ಮದುವೆಯಾಗುವ ಮನಸ್ಸಾಯಿತು. ಇದಾಲೀನಾ ನನ್ನ ಅಣ್ಣ ಬೆಲಾರ್ಮಿನೋನ ಒಬ್ಬಳೇ ಮಗಳು. ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು. ಅವಳಿಗೂ ನಾರ್ಬರ್ಟನ ಮೇಲೆ ಮನಸ್ಸಿತ್ತು. ಆದರೆ ನಮ್ಮ ಪೋರ್ಚುಗೀಸ್ ಓಣಿಯಲ್ಲಿ ಹೆಣ್ಣಿಗೆ ಎಷ್ಟೇ ವಯಸ್ಸಾಗಿರಲಿ, ತಂದೆ ಬದುಕಿದ್ದರೆ ಗಂಡು ಬಂದು ಟೋಪಿ ತೆಗೆದು ಕೇಳಲೇಬೇಕು.

"ಅಪ್ಪ ಹೂಂ ಅನ್ನದೆ ನಾನು ಚರ್ಚಿನ ಮೆಟ್ಟಿಲು ಹತ್ತಲ್ಲ ಅತ್ತೇ," ಎಂದು ಇದಾಲೀನಾ ನನ್ನೆದುರಿಗೇ ಹೇಳಿದ್ದಳು. ಹಟದಲ್ಲಿ ಅಪ್ಪನ ಮಗಳೇ.

ಅಣ್ಣ ಹೂಂ ಅನ್ನುವವನೇ ಅಲ್ಲ. ಅದಕ್ಕೆ ಕಾರಣ ಬಾಗಿಲ ಮುಂದಿನ ಒಂದು ದೀಪ.

ಅಣ್ಣ ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿ ಬಾಳು ಸವೆಸಿದವನು. ಅವನು ಸಮುದ್ರಕ್ಕೆ ಹೋದಾಗಲೆಲ್ಲ ಅತ್ತಿಗೆ ಲೌರಿಂಡಾ ಆ ದೀಪ ಹಚ್ಚಿಡುತ್ತಿದ್ದಳು. ಓಣಿಯ ಹೆಂಗಸರೆಲ್ಲರ ಪದ್ಧತಿಯೂ ಅದೇ. ಅದನ್ನು ಹೆಂಗಸರು ಆರಿಸುವಂತಿಲ್ಲ. ದೋಣಿಯಿಂದ ಬಂದವನು ಬೂಟು ಕಳಚಿ, ಮನೆಯವರೆಲ್ಲ ಒಳಗಿದ್ದಾರೆಂದು ನೋಡಿ, ತನ್ನ ಕೈಯಾರೆ ಆರಿಸಬೇಕು. ಬರಬೇಕಾದವರೆಲ್ಲ ಬಂದರು ಎಂದು ಅದರ ಅರ್ಥ. ಅತ್ತಿಗೆ ತೀರಿಕೊಂಡ ರಾತ್ರಿ ಅಣ್ಣ ಆ ದೀಪ ಹಾಕಿದ. ಮತ್ತೆ ಆರಿಸಲೇ ಇಲ್ಲ. ಯಾರು ಬರಬೇಕಿದೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾರ್ಬರ್ಟನಿಗೆ ಇದೇನೂ ಗೊತ್ತಿಲ್ಲ. ಎದುರು ಮನೆಗೆ ಬಾಡಿಗೆಗೆ ಬಂದ ವಾರದಲ್ಲೇ ಬಾಗಿಲು ತಟ್ಟಿದ.

"ಯಜಮಾನ್ರೇ, ಊಟ ಆದ್ಮೇಲೆ ಈ ಬಲ್ಬು ಸ್ವಲ್ಪ ಆರಿಸ್ತೀರಾ? ನಂಗೆ ಶನಿ ಕಾಣ್ತಿಲ್ಲ."

ಅಣ್ಣ ಕೆಂಡವಾದ. "ಶನಿ ಬೇಕಾ ನಿಂಗೆ? ಮನೆಗೋಗಿ ಕನ್ನಡಿ ನೋಡ್ಕೋ!" ಎಂದವನೇ ದಢಾರನೆ ಬಾಗಿಲು ಹಾಕಿದ.

ಒಳಗಿದ್ದ ಇದಾಲೀನಾಗೆ ನಗು ತಡೆಯಲಾಗಲಿಲ್ಲ. ಮಾರನೆಯ ವಾರವೇ ಅವಳ ಬಟ್ಟೆ ಒಗೆಯುವ ಯಂತ್ರ ಕೆಟ್ಟಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ ಬಿಡಿ, ಹಿಂದಿನ ದಿನವಷ್ಟೇ ನನ್ನ ಕಂಬಳಿ ಅದರಲ್ಲಿ ಒಗೆದಿದ್ದೆ. ರಿಪೇರಿ ಎರಡು ತಿಂಗಳು ನಡೆಯಿತು.

ಒಂದು ಭಾನುವಾರ ನಾರ್ಬರ್ಟ್ ಟೋಪಿ ತೆಗೆದು ಊಟದ ಮೇಜಿನ ಮುಂದೆ ನಿಂತ. ಅಣ್ಣ ಸುಟ್ಟ ಮೀನಿನ ಮುಳ್ಳು ಬಿಡಿಸುತ್ತ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ.

"ನಕ್ಷತ್ರ ಗೊತ್ತಿರೋ ಮನುಷ್ಯ ಅಲ್ವಾ ನೀನು?"

"ಸ್ವಲ್ಪ ಗೊತ್ತು ಯಜಮಾನ್ರೇ."

"ದೋಣಿ ಮೇಲೆ ನಾನು ನೋಡ್ತಿದ್ದ ಆಕಾಶ ಇತ್ತಲ್ಲ, ಸುತ್ತ ನೀರು, ನೀರಿನ ಅಂಚಿನವರೆಗೂ ನಕ್ಷತ್ರ. ಅದನ್ನ ನೆಲದ ಮೇಲಿಂದ ತೋರ್ಸು. ಮೂರು ಅಮಾವಾಸ್ಯೆ ಕೊಡ್ತೀನಿ. ಕಾರಲ್ಲಿ ಒಂದು ಗಂಟೆಗಿಂತ ಜಾಸ್ತಿ ಕೂರಲ್ಲ, ನನ್ನ ಮೂತ್ರಕೋಶ ನನ್ನ ಮಾತು ಕೇಳಲ್ಲ. ತೋರ್ಸಿದ್ರೆ ಹೂಂ ಅಂತೀನಿ. ಆಗ್ಲಿಲ್ವಾ, ಮನೆ ಬದಲಾಯಿಸು, ಈ ಓಣೀಲಿ ಮುಖ ತೋರಿಸ್ಬೇಡ."

ಇದಾಲೀನಾಳ ಮುಖ ಸಣ್ಣಗಾಯಿತು. ಸಮುದ್ರದ ಆಕಾಶವನ್ನು ನೆಲದ ಮೇಲೆ ಎಲ್ಲಿಂದ ತರುವುದು? ಪೂರ್ವಕ್ಕೆ ಹೋದರೆ ಗುಡ್ಡ ಅಡ್ಡ, ಪಶ್ಚಿಮಕ್ಕೆ ಹೋದರೆ ಊರಿನ ದೀಪ ಬೆನ್ನಿಗೆ. ಕಗ್ಗತ್ತಲೆಯ ಮರುಭೂಮಿ ಇದೆ ನಿಜ, ಆದರೆ ಎರಡು ಗಂಟೆ ದೂರ. ನಮ್ಮಣ್ಣ ಇದೆಲ್ಲ ಗೊತ್ತಿದ್ದೇ ಹೇಳಿದ್ದ, ಖದೀಮ.

ನಾರ್ಬರ್ಟ್ ಮಾತ್ರ "ಆಗ್ಲಿ ಯಜಮಾನ್ರೇ" ಎಂದ. ಅಂದಿನಿಂದ ಸಂಜೆಯಾದರೆ ಕತ್ತಲೆ ಹುಡುಕಿಕೊಂಡು ಊರ ಸುತ್ತ ಅಲೆಯತೊಡಗಿದ. ಜನ ಮನೆ ಹುಡುಕುತ್ತಾರೆ, ಕೆಲಸ ಹುಡುಕುತ್ತಾರೆ, ಇವನದು ಕತ್ತಲೆ ಹುಡುಕಾಟ. ಕಾರಿನೊಳಗಿನ ಪುಟ್ಟ ಬಲ್ಬಿಗೆ ಇದಾಲೀನಾಳ ಉಗುರುಬಣ್ಣ ಬಳಿದು ಕೆಂಪು ಮಾಡಿದ. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಕತ್ತಲೆ ಒಗ್ಗಲು ಅರ್ಧ ಗಂಟೆ ಬೇಕಂತೆ. ನಾನು ಬೆಂಕಿಕಡ್ಡಿ ಗೀರಿದರೂ "ಅಯ್ಯೋ ಅಮ್ಮಾ, ಕಣ್ಣು ಹೋಯ್ತು!" ಎಂದು ಕೂಗುತ್ತಿದ್ದ.

ಮೊದಲ ಅಮಾವಾಸ್ಯೆಗೆ ಕಡಲಂಚಿನ ಬಂಡೆಯ ಮೇಲಕ್ಕೆ ಕರೆದೊಯ್ದ. ಮದುವೆಯಾಗದ ಜೋಡಿ ಕಾರಿನಲ್ಲಿರುವಾಗ ಕಾವಲಿಗೆ ಹಿರಿಯ ಹೆಂಗಸು ಬೇಡವೇ? ಸಿಹಿ ರೊಟ್ಟಿಯ ಬುಟ್ಟಿ ಹಿಡಿದು ನಾನೂ ಹೋದೆ. ಮುಂದೆ ಬರೀ ಸಮುದ್ರ, ಒಳ್ಳೆಯ ಜಾಗವೇ. ಆದರೆ ಅಂದೇ ಬೊಂಡಾಸು ಮೀನು ಹಿಡಿಯುವ ದೋಣಿಗಳು ಸಾಲಾಗಿ ಬಂದು ದೊಡ್ಡ ದೊಡ್ಡ ದೀಪ ಹೊತ್ತಿಸಿದವು. ಬೊಂಡಾಸು ಬೆಳಕಿಗೆ ತಾನೇ ಬರುವುದು! ಕಡಲು ಮದುವೆ ಚಪ್ಪರದ ಹಾಗೆ ಝಗಝಗಿಸಿತು. ಅಣ್ಣ ಆಕಾಶ ನೋಡಲೇ ಇಲ್ಲ. "ಅಯ್ಯೋ ದಡ್ಡ, ಬಲೆ ಎಡಕ್ಕೆ ಬಿಡೋ!" ಎಂದು ದೂರದ ದೋಣಿಯವರನ್ನು ಬೈಯುತ್ತ ಬಹಳ ಖುಷಿಯಾಗಿದ್ದ.

ಎರಡನೆಯದು ಗುಡ್ಡದ ಹಿಂದಿನ ಬಯಲು. ಕತ್ತಲೆಯೇನೋ ಚೆನ್ನಾಗಿತ್ತು, ಅದು ಊರಿನ ಪ್ರೇಮಿಗಳಿಗೂ ಗೊತ್ತಿತ್ತು. ಸುತ್ತ ಕಾರುಗಳು, ಗಾಜಿಗೆಲ್ಲ ಹಬೆ. ನಾರ್ಬರ್ಟ್ ದೂರದರ್ಶಕ ನಿಲ್ಲಿಸಿದ್ದೇ ತಡ, ಒಬ್ಬ ಹುಡುಗ ಅಂಗಿ ಗುಂಡಿ ಹಾಕಿಕೊಳ್ಳುತ್ತ ಇಳಿದು, "ನಾಚ್ಕೆ ಆಗಲ್ವಾ ಅಂಕಲ್, ಅದೂ ಮನೆಯವ್ರನ್ನೆಲ್ಲ ಕರ್ಕೊಂಡು ಬಂದಿದ್ದೀರಾ!" ಎಂದು ಜಗಳಕ್ಕೇ ನಿಂತ. ಎಲ್ಲ ಕಾರುಗಳೂ ಒಟ್ಟಿಗೆ ದೀಪ ಹಾಕಿದವು. ಅಣ್ಣ ದಾರಿಯುದ್ದಕ್ಕೂ ನಗುತ್ತ ಬಂದ. ಇದಾಲೀನಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಕೊನೆಯ ಅಮಾವಾಸ್ಯೆ ಬಂತು. ಆ ಮಧ್ಯಾಹ್ನವೇ ಕಡಲಿನಿಂದ ಮಂಜು ಎದ್ದು ಓಣಿಗೆ ಓಣಿಯನ್ನೇ ನುಂಗಿತು. ಎದುರು ಮನೆಯೇ ಕಾಣದು. ನಾರ್ಬರ್ಟನ ನಕ್ಷತ್ರದ ಗೆಳೆಯರೆಲ್ಲ ಈ ಸಲ ಬೇಡವೆಂದು ಮನೆಯಲ್ಲೇ ಉಳಿದರು. ಇದಾಲೀನಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕಣ್ಣೀರು ಹಾಕುತ್ತಿದ್ದಳು. ಈರುಳ್ಳಿ ಮುಗಿದ ಮೇಲೂ ಕಣ್ಣೀರು ನಿಲ್ಲಲಿಲ್ಲ. ನನಗೆ ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಮಗಳ ಸುಖಕ್ಕಿಂತ ನಿನ್ನ ಪಂತ ದೊಡ್ಡದಾಯ್ತಾ ಅಣ್ಣಾ?" ಎಂದೆ.

"ಮಾತು ಅಂದ್ರೆ ಮಾತು ಜುಲ್ಮಿರಾ. ನೀನು ಬುಟ್ಟಿ ತಗೋ."

ಅಷ್ಟರಲ್ಲಿ ಮಂಜಿನೊಳಗಿಂದ ನಾರ್ಬರ್ಟ್ ಓಡಿ ಬಂದ. ಮುಖ ಅರಳಿತ್ತು. "ಹೊರಡಿ ಯಜಮಾನ್ರೇ! ಇವತ್ತು ಎಂಥಾ ಮಂಜು ನೋಡಿ! ಇದೇ ಬೇಕಿತ್ತು!"

"ಪಾಪ, ತಲೆ ಕೆಟ್ಟೋಯ್ತು ಇವನಿಗೆ," ಎಂದ ಅಣ್ಣ. ಆದರೂ ಕೋಟು ಹಾಕಿಕೊಂಡ. ಗೆದ್ದು ಬರುವ ಉತ್ಸಾಹ.

ಪೂರ್ವದ ಬೆಟ್ಟದ ದಾರಿಯಲ್ಲಿ ಕಾರು ತೆವಳಿತು. ಮುಂದಿನ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ರಸ್ತೆಯ ಬಿಳಿ ಗೆರೆ ಬಿಟ್ಟರೆ ಬೇರೇನೂ ಕಾಣದು. "ಒಂದಾದ್ರೂ ನಕ್ಷತ್ರ ಕಂಡ್ರೆ ಎಬ್ಬಿಸಮ್ಮ," ಎಂದು ಅಣ್ಣ ಮಗಳಿಗೆ ಹೇಳಿ ಕಣ್ಣು ಮುಚ್ಚಿದ. ನಾನು ಹಿಂದೆ ಕೂತು ಮಾತೆ ಮೇರಿಯ ಜಪ ಮಾಡುತ್ತಿದ್ದೆ, ಆಕಾಶಕ್ಕಲ್ಲ, ತಿರುವುಗಳಿಗೆ.

ಒಂದು ತಿರುವು ದಾಟಿದ್ದೇ ತಡ, ಕಾರು ಮಂಜಿನಿಂದ ಹೊರಗೆ ಬಂತು. ಆಗಲೇ ಕತ್ತಲಾಗಿತ್ತು. ಇನ್ನೂ ಮೇಲಕ್ಕೆ ಹೋಗಿ ನಾರ್ಬರ್ಟ್ ಗುಡ್ಡದ ತುದಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, "ಬನ್ನಿ ಯಜಮಾನ್ರೇ, ಇಳೀರಿ," ಎಂದ.

ಅಣ್ಣ ಗೊಣಗುತ್ತಲೇ ಇಳಿದ. ಇಳಿದವನು ಅಲ್ಲೇ ನಿಂತುಬಿಟ್ಟ.

ಕೆಳಗೆ ಮಂಜು ಮಟ್ಟಸವಾಗಿ ಹರಡಿತ್ತು. ಪಶ್ಚಿಮಕ್ಕೆ ಕಣ್ಣು ಹೋದಷ್ಟು ದೂರವೂ ಅದೇ. ಊರೂ ಅದರ ಲಕ್ಷಾಂತರ ದೀಪಗಳೂ ಅದರಡಿ ಮುಳುಗಿಹೋಗಿದ್ದವು. ಅಲ್ಲೊಂದು ಇಲ್ಲೊಂದು ಬೆಟ್ಟದ ತುದಿ ದ್ವೀಪದ ಹಾಗೆ ತಲೆ ಎತ್ತಿತ್ತು. ಮೇಲೆ, ದೇವರೇ, ಎಷ್ಟು ನಕ್ಷತ್ರ! ಆ ಬಿಳಿ ಸಮುದ್ರದ ಅಂಚಿನವರೆಗೂ ಇಳಿದು, ಒಂದೊಂದಾಗಿ ಅದರೊಳಗೆ ಮುಳುಗುತ್ತಿದ್ದವು.

ನಾನು ಅಣ್ಣನ ಮುಖ ನೋಡಿದೆ. ಕಾಲು ಅಗಲಿಸಿ ನಿಂತಿದ್ದ, ಮೈ ಮೆಲ್ಲಗೆ ತೂಗುತ್ತಿತ್ತು, ದೋಣಿಯ ಮೇಲೆ ನಿಂತವರು ತೂಗುವ ಹಾಗೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

ನಾರ್ಬರ್ಟ್ ದೂರದರ್ಶಕ ತರಲು ಡಿಕ್ಕಿ ತೆಗೆಯಹೋದ.

"ಆ ಕೊಳವೆ ಅಲ್ಲೇ ಇರ್ಲಿ ಬಿಡೋ," ಎಂದ ಅಣ್ಣ. "ಅಲ್ಲಿ ಮುಳುಗ್ತಾ ಇದೆಯಲ್ಲ ಆ ನಕ್ಷತ್ರ, ಅದು ಕಂಡ್ರೆ ಲೌರಿಂಡಾ ಹಚ್ಚಿದ ದೀಪ ಮನೇಲಿ ಉರೀತಿದೆ ಅಂತ ಅಂದ್ಕೊಳ್ತಿದ್ದೆ. ಪ್ರತಿ ರಾತ್ರಿ." ಆಮೇಲೆ ನಾರ್ಬರ್ಟನ ಕಡೆ ತಿರುಗಿ ಕೇಳಿದ: "ಆ ಬಲ್ಬು ಆರಿಸಿ ಅಂತ ಆಮೇಲೆ ಯಾವತ್ತೂ ನೀನು ಬರ್ಲಿಲ್ವಲ್ಲ, ಯಾಕೆ?"

"ಇದಾಲೀನಾ ವಿಷ್ಯ ಹೇಳಿದ್ಲು ಯಜಮಾನ್ರೇ. ಅಂಗಳದ ಹಗ್ಗಕ್ಕೆ ಕಂಬಳಿ ಕಟ್ಕೊಂಡು ಅದರ ಮರೇಲಿ ನೋಡ್ತೀನಿ. ಶನಿ ಚೆನ್ನಾಗೇ ಕಾಣ್ತಾನೆ."

ನಾನು ರೊಟ್ಟಿ ಹಂಚಿದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಯಾರೂ ಕಾರು ಹತ್ತಲಿಲ್ಲ. ಹೂಂ ಎಂಬ ಮಾತು ಮಾತ್ರ ಅಣ್ಣನ ಬಾಯಿಂದ ಹೊರಡಲಿಲ್ಲ. ಬರುವಾಗ ದಾರಿಯುದ್ದಕ್ಕೂ ಇದಾಲೀನಾ ನನ್ನ ಕೈ ಹಿಡಿದಿದ್ದಳು, ಬೆರಳು ಮುರಿಯುವಷ್ಟು ಬಿಗಿಯಾಗಿ.

ಓಣಿಯಲ್ಲಿ ಮಂಜು ಹಾಗೇ ಇತ್ತು. ಬಾಗಿಲ ಮುಂದಿನ ದೀಪ ಅದರೊಳಗೆ ಹಳದಿಯಾಗಿ ಉರಿಯುತ್ತಿತ್ತು. ನಾರ್ಬರ್ಟ್ ಟೋಪಿ ಕೈಯಲ್ಲಿ ಹಿಡಿದು ಕಾರಿನ ಪಕ್ಕ ನಿಂತ. ಅಣ್ಣ ಬಾಗಿಲು ತೆರೆದು, ಒಳಗಿನ ಬೆಂಚಿನ ಮೇಲೆ ಕೂತು, ನಿಧಾನವಾಗಿ ಒಂದು ಬೂಟು ಕಳಚಿದ. ಆಮೇಲೆ ಇನ್ನೊಂದು. ತಲೆ ಎತ್ತಿ ಇದಾಲೀನಾಳನ್ನು ನೋಡಿದ, ನನ್ನನ್ನು ನೋಡಿದ, ಹೊರಗೆ ನೋಡಿದ.

"ಏಯ್, ಅಲ್ಲೇನು ಕಂಬದ ಹಾಗೆ ನಿಂತಿದ್ದೀಯಾ? ಒಳಗೆ ಬಾ."

ನಾರ್ಬರ್ಟ್ ಒಳಗೆ ಬಂದ.

"ಬರೋರೆಲ್ಲ ಬಂದ್ರಲ್ಲ," ಎಂದು ಅಣ್ಣ ಎದ್ದು ಸ್ವಿಚ್ಚಿಗೆ ಕೈ ಹಾಕಿ ದೀಪ ಆರಿಸಿದ.

ಕತ್ತಲಲ್ಲಿ ಯಾರೋ ಅಳುವುದು ಕೇಳಿಸಿತು. ಇದಾಲೀನಾ ಇರಬೇಕೆಂದುಕೊಂಡೆ. ಅವಳಲ್ಲ, ನಾರ್ಬರ್ಟ್.