ಓಂಕಾರಪ್ಪನ ಗ್ಯಾರೇಜಿನ ಗುಂಡಿ

ನಾವು ನೀವೆಲ್ಲ ಲಾರಿ ಟ್ರ್ಯಾಕ್ಟರುಗಳನ್ನು ಎದುರಿನಿಂದಲೋ ಪಕ್ಕದಿಂದಲೋ ನೋಡಿದವರು. ಹುಣಸೆಕೊಪ್ಪಲಿನ ಓಂಕಾರಪ್ಪ ಹಾಗಲ್ಲ, ಅವನು ನೋಡಿದ್ದೆಲ್ಲ ಅಡಿಯಿಂದ. ಮೀಸೆ ಮೂಡುವ ಮೊದಲೇ ಬೇಲೂರಿನ ಒಂದು ಗ್ಯಾರೇಜಿಗೆ ಸೇರಿ, ಮೀಸೆ ನರೆಯುವವರೆಗೂ ಅಲ್ಲೇ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ದುಡಿದ. ಗ್ಯಾರೇಜು ಅಂದರೆ ಏನು ಮಹಾ! ರಸ್ತೆ ಪಕ್ಕದಲ್ಲಿ ನಾಲ್ಕು ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲ. ಗಾಡಿಯ ಹೊಟ್ಟೆಯಿಂದ ತೊಟ್ಟಿಕ್ಕುವ ಸುಟ್ಟ ಎಣ್ಣೆ ಕಿವಿಗೆ, ಕಣ್ಣಿಗೆ, ಬಾಯಿ ತೆರೆದಿದ್ದರೆ ಬಾಯಿಗೂ ಬೀಳುತ್ತಿತ್ತು. ತನ್ನ ಗಂಡ ಮಾತು ಕಡಿಮೆ ಆಡುವುದು ಅದಕ್ಕೇ ಅಂತ ಹೆಂಡತಿ ವಿಶಾಲಮ್ಮ ನೆರೆಯವರ ಹತ್ತಿರ ತಮಾಷೆ ಮಾಡುತ್ತಿದ್ದಳು.

ಅವನ ಬೆನ್ನು ಮೊದಮೊದಲು ಆಗಾಗ ಹಿಡಿದುಕೊಳ್ಳುತ್ತಿತ್ತು, ಆಮೇಲೆ ಹಿಡಿದದ್ದು ಬಿಡಲೇ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಬೇಕಾದರೆ ಮಗ್ಗುಲಾಗಿ, ಕೈಯೂರಿ, ಗೋಡೆ ಹಿಡಿದು ಏಳಬೇಕು. ಹಾಸನದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ನೆಲದ ಮೇಲೆ ಮಲಗಿ ಕೆಲಸ ಮಾಡೋದನ್ನ ಇವತ್ತಿಗೇ ಬಿಟ್ಬಿಡಿ. ಇಲ್ಲಾಂದ್ರೆ ಒಂದಿನ ಮಲಗಿದೋರು ಏಳೋಕೇ ಆಗಲ್ಲ" ಎಂದರು. ಬೇರೆ ಕೆಲಸವೇ ಗೊತ್ತಿಲ್ಲದವನಿಗೆ ಇಂಥ ಮಾತು ಹೇಳಿದರೆ ಅವನು ಎಲ್ಲಿಗೆ ಹೋಗಬೇಕು ಹೇಳಿ!

ಅದೇ ದಿನಗಳಲ್ಲಿ ಸ್ಪೇರ್ ತರಲು ಅರಸೀಕೆರೆಗೆ ಹೋದಾಗ ಅಲ್ಲಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಅವನು ಆ ಗುಂಡಿಯನ್ನು ಕಂಡ. ಕಲ್ಲು ಕಟ್ಟಿದ ಉದ್ದನೆಯ ಗುಂಡಿ. ಅದರ ಎರಡೂ ಅಂಚಿಗೆ ಚಕ್ರ ಕೊಟ್ಟು ಮೇಲೆ ಲಾರಿ ನಿಂತಿತ್ತು. ಕೆಳಗೆ ಒಬ್ಬ ಮನುಷ್ಯ ನೆಟ್ಟಗೆ ನಿಂತು, ತಂತಿಯ ಮೇಲೆ ಬಟ್ಟೆ ಒಣಹಾಕುವವನ ಹಾಗೆ ಕೈಯೆತ್ತಿ ಬೋಲ್ಟು ಬಿಚ್ಚುತ್ತಿದ್ದ. ಬಾಯಲ್ಲಿ ಹಾಡು ಬೇರೆ! ಓಂಕಾರಪ್ಪ ನೋಡುತ್ತಾ ನಿಂತುಬಿಟ್ಟ, ಊರ ಕಡೆಗೆ ಹೋಗುವ ಜಾವಗಲ್ಲಿನ ಬಸ್ಸು ತಪ್ಪಿಹೋಯಿತು. ಕೊನೆಗೆ ಗ್ಯಾರೇಜಿನ ಯಜಮಾನರೇ ಕರೆದು ಕಾಫಿ ಕೊಡಿಸಿ, "ತೋಡ್ಸೋದಾದ್ರೆ ಜಾಗ ನೋಡಿ ತೋಡ್ಸು. ನೀರೊಂದು ಬರಬಾರ್ದು. ನೀರು ಬಂತು ಅಂದ್ರೆ ಗುಂಡಿ ಕೆಟ್ಟಂಗೇ" ಎಂದು ಬುದ್ಧಿ ಹೇಳಿ ಕಳಿಸಿದರು.

ಅಲ್ಲಿಂದ ಮುಂದೆ ಅವನಿಗೆ ಅದೇ ಧ್ಯಾನ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗುಂಡಿಯ ಅಳತೆ ಹಾಕುತ್ತಿದ್ದ. ಇದ್ದ ತುಂಡು ಹೊಲವನ್ನು ಮಾರಿ, ಬೇಲೂರಿನ ಕೆಲಸ ಬಿಟ್ಟು ಊರಿಗೆ ಬಂದ. ಮನೆಯ ಪಕ್ಕದ ಖಾಲಿ ಹಿತ್ತಲಿನಲ್ಲಿ ತನ್ನದೇ ಗ್ಯಾರೇಜು ಕಟ್ಟುತ್ತೇನೆ ಎಂದ. ತಾಯಿ ಮುದ್ದಮ್ಮ ಮಗ ಕಣ್ಣೆದುರಿಗೆ ಇರುತ್ತಾನಲ್ಲ ಅಂತ ಹಿಗ್ಗಿದಳು. ಹುಣಸೆಕೊಪ್ಪಲು ಜಾವಗಲ್ಲಿನ ಕಡೆಯ ಒಣ ಊರು. ಬೋರು ಕೊರೆಸಿದರೆ ಧೂಳು ಏಳುತ್ತದೆ, ಅಪ್ಪಿತಪ್ಪಿ ನೀರು ಸಿಕ್ಕರೂ ಬಾಯಿಗಿಡಲಾಗದ ಸವುಳು. ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯುವ ನೀರಿಗೆ ವಿಶಾಲಮ್ಮನಿಂದ ಹಿಡಿದು ಊರಿನ ಹೆಂಗಸರೆಲ್ಲ ಪಕ್ಕದೂರಿನ ಫಿಲ್ಟರ್ ನೀರಿನ ಘಟಕದಿಂದ ಕ್ಯಾನು ಹೊತ್ತು ತರಬೇಕಿತ್ತು. ಇಂಥ ಊರಲ್ಲಿ ಗುಂಡಿಗೆ ನೀರು ಬರುತ್ತದೆ ಅಂತ ಹೆದರಿದವನು ಇವನೊಬ್ಬನೇ.

ಹೆದರಿ ಸುಮ್ಮನಿದ್ದನೇ? ಇಲ್ಲ, ನೀರು ನೋಡುವ ಚಿಕ್ಕಣ್ಣನನ್ನೇ ಕರೆಸಿದ. ಆ ಸುತ್ತಿನಲ್ಲಿ ಬೋರಿಗೆ ಜಾಗ ತೋರಿಸುವವನು ಚಿಕ್ಕಣ್ಣ. ಅಂಗೈ ಮೇಲೆ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುತ್ತಾನೆ. ಕೆಳಗೆ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ.

"ಏನ್ಲಾ ಓಂಕಾರಾ, ನೀರಿಲ್ಲದ ಜಾಗ ತೋರ್ಸು ಅಂತೀಯಲ್ಲ! ಇಷ್ಟು ವರ್ಸದಲ್ಲಿ ಹಂಗೆ ಕೇಳಿದೋನು ನೀನೊಬ್ನೇ ಕಣ್ಲಾ" ಎಂದು ಚಿಕ್ಕಣ್ಣ ನಕ್ಕ.

ವಿಶಾಲಮ್ಮ ಬಾಗಿಲಲ್ಲೇ ನಿಂತು, "ನೀವು ಐತೆ ಅಂದ ಕಡೆಯೆಲ್ಲಾ ಇಲ್ದೇನೇ ಹೋಯ್ತಲ್ಲ ಚಿಕ್ಕಣ್ಣಾರೇ, ಇದೇನು ನಿಮ್ಗೆ ಕಷ್ಟದ ಕೆಲ್ಸನಾ?" ಎಂದಳು.

ಚಿಕ್ಕಣ್ಣ ಮುಖ ಗಂಟು ಹಾಕಿಕೊಂಡು ಹಿತ್ತಲಿನ ತುಂಬ ನಡೆದ. ಬೇಲಿಯ ಹತ್ತಿರ ಕಾಯಿ ಸ್ವಲ್ಪ ಅಲುಗಿತು, ಬಾಗಿಲ ಎದುರಿಗೆ ಇನ್ನೂ ಸ್ವಲ್ಪ. ನಟ್ಟನಡುವೆ ಬಂದಾಗ ಮಾತ್ರ ಸತ್ತ ಹಾಗೆ ಬಿದ್ದುಕೊಂಡಿತು. "ಇಲ್ಲಿ ತೋಡ್ಸು. ಪಾತಾಳಕ್ಕೆ ಹೋದ್ರೂ ಒಂದು ತೊಟ್ಟು ಸಿಕ್ಕಲ್ಲ" ಎಂದ. ಓಂಕಾರಪ್ಪ ಅವತ್ತೇ ಅಲ್ಲಿ ಗೂಟ ಹೊಡೆದ. ಹಾರೆ ಪಿಕಾಸಿ ಹಿಡಿದು ತೋಡಿದವರೂ ಬೈದುಕೊಂಡೇ ತೋಡಿದರು, ಹಾಗಿತ್ತು ಆ ಒಣ ಕಲ್ಲುಮಣ್ಣು.

ಷೆಡ್ಡು ಎದ್ದಿತು ನೋಡಿ, ಅದನ್ನು ಕಟ್ಟಿದ ಚೆಂದವೇ ಚೆಂದ! ಎತ್ತರದ ಮಾಡಿಗೆ ಅಡ್ಡಲಾಗಿ ಕಬ್ಬಿಣದ ತೊಲೆ, ಆ ತೊಲೆಗೆ ಎಂಜಿನ್ ಎತ್ತುವ ಸರಪಳಿ ರಾಟೆ. ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರು. ಗೋಡೆಗೆ ಹಲಗೆ ಹೊಡೆಸಿ, ಒಂದೊಂದು ಸ್ಪ್ಯಾನರನ್ನೂ ಅದರ ಮೇಲಿಟ್ಟು ಸುತ್ತ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದ. ಯಾವುದು ಜಾಗದಲ್ಲಿಲ್ಲವೋ ಅದರ ಆಕಾರ ಖಾಲಿಯಾಗಿ ಕಾಣಬೇಕು, ಹಾಗೆ. "ನನ್ನ ಅಡಿಗೆಮನೆಗೆ ಒಂದು ಗೂಡು ಮಾಡ್ಸಿ ಅಂದ್ರೆ ಕಿವಿ ಕೇಳ್ಸಲ್ಲ, ನಿಮ್ಮ ಸ್ಪ್ಯಾನರಿಗೆ ಒಂದೊಂದಕ್ಕೂ ಒಂದೊಂದು ಮನೆ!" ಎಂದು ವಿಶಾಲಮ್ಮ ರೇಗಿಸಿದಳು. ಗುಂಡಿಗಂತೂ ಸೈಜುಗಲ್ಲು ಕಟ್ಟಿಸಿ, ಇಳಿಯಲು ಮೆಟ್ಟಿಲು ಮಾಡಿಸಿ, ಎರಡೂ ಪಕ್ಕದ ಗೋಡೆಯಲ್ಲಿ ಬಲ್ಬಿಗೆ ಗೂಡು ಬಿಡಿಸಿದ್ದ. ಕೆಲಸ ಮುಗಿದ ಸಂಜೆ ಒಬ್ಬನೇ ಇಳಿದು, ನೆಟ್ಟಗೆ ನಿಂತು, ಕೈಯೆತ್ತಿ ಗಾಳಿಯಲ್ಲೇ ಬೋಲ್ಟು ತಿರುಗಿಸಿ ನೋಡಿದ. ಮೇಲಿನಿಂದ ನೋಡಿದ ಮುದ್ದಮ್ಮ ಮಗನಿಗೆ ಏನೋ ಆಗಿದೆ ಅಂತ ಗಾಬರಿಯಾದಳು.

ಮೊದಲು ಬಂದದ್ದು ಜಾವಗಲ್ಲಿನ ಹೇಮಂತನ ಟ್ರ್ಯಾಕ್ಟರು. ಕ್ಲಚ್ಚು ಹೋಗಿತ್ತು. ಓಂಕಾರಪ್ಪ ಗುಂಡಿಗಿಳಿದು ನಿಂತ. ಹುಟ್ಟಿದಾಗಿನಿಂದ ಮೊದಲ ಸಲ ಗಾಡಿಯ ಹೊಟ್ಟೆಯನ್ನು ನಿಂತುಕೊಂಡು ನೋಡಿದ. ಆ ಬೇಸಿಗೆಯೆಲ್ಲ ಹಾಗೇ ನಡೆಯಿತು. ಗಂಡಸಿಯಿಂದ, ಹಳೇಬೀಡಿನಿಂದ ಗಾಡಿಗಳು ಬಂದವು. ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಿದ್ದ, ಕೆಲಸ ಮಾಡುತ್ತಾ ಹಾಡುತ್ತಿದ್ದ. ಬಲು ಕೆಟ್ಟ ರಾಗ. ವಿಶಾಲಮ್ಮ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ವರ್ಷ ಮಳೆ ಬಂತು. ಬಂತು ಅಂದರೆ, ಊರಿನ ಮುದುಕರೂ ಮರೆತಿದ್ದಂಥ ಮಳೆ. ಊರ ಮೇಲಿನ ಕೆರೆ ತುಂಬಿ ಕೋಡಿ ಬಿತ್ತು. ಬಾಗಿನ ಬಿಡಲು ಊರಿಗೆ ಊರೇ ಹೋಯಿತು, ಓಂಕಾರಪ್ಪನೂ ಹೋಗಿ ಕೈಮುಗಿದು ಬಂದ. ಅದಾದ ಕೆಲವು ದಿನಕ್ಕೆ ಗುಂಡಿಯ ಮೂಲೆಯ ಕಲ್ಲು ಬೆವರಿದ ಹಾಗೆ ಕಂಡಿತು. ಎಣ್ಣೆಯಿರಬೇಕೆಂದು ಬಟ್ಟೆಯಲ್ಲಿ ಒರೆಸಿದ. ಮಾರನೆ ದಿನ ಮತ್ತೆ ಒದ್ದೆ. ಬೆರಳಲ್ಲಿ ಮುಟ್ಟಿ ಮೂಸಿದ. ಎಣ್ಣೆಯಲ್ಲ. ನೀರು!

ಆಮೇಲೆ ಅವನು ಪಟ್ಟ ಪಾಡು ಯಾರಿಗೂ ಬೇಡ. ಸಂದುಗಳಿಗೆ ಸಿಮೆಂಟು ಮೆತ್ತಿದ, ಅದರ ಮೇಲೆ ನೀರು ತಡೆಯುವ ಪುಡಿ ಕಲೆಸಿ ಬಳಿದ. ಈ ಕಲ್ಲಿನಲ್ಲಿ ತಡೆದರೆ ಆ ಕಲ್ಲಿನಲ್ಲಿ ಜಿನುಗಿತು. ಪಾದ ಮುಳುಗುವಷ್ಟಿದ್ದದ್ದು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಬಂದ ಗಾಡಿಗಳಿಗೆ "ಮುಂದಿನ ವಾರ ಬನ್ನಿ" ಎಂದು ಸುಳ್ಳು ಹೇಳಿ ಕಳಿಸಿದ. ಕೊನೆಗೆ ಮೋಟಾರು ತಂದು ಪೈಪು ಬಿಟ್ಟು ನೀರೆಲ್ಲ ಚರಂಡಿಗೆ ಎತ್ತಿ ಹಾಕತೊಡಗಿದ. ಒಂದು ದಿನವಿಡೀ ಮೋಟಾರು ಓಡಿ ಎಣ್ಣೆಯ ಕೊಳೆಯೆಲ್ಲ ಹೋದ ಮೇಲೆ ಪೈಪಿನಿಂದ ಬಂದದ್ದು ಕನ್ನಡಿಯಂಥ ನೀರು.

ಮುದ್ದಮ್ಮ ಕೋಲೂರಿಕೊಂಡು ಚರಂಡಿಯ ಹತ್ತಿರ ಬಂದವಳು ಹಾಗೇ ನಿಂತಳು. ಬಗ್ಗಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. "ಲೋ ಓಂಕಾರಾ, ನಿಲ್ಸೋ ಅದ! ಸೀ ನೀರು ಕಣೋ! ಗಂಗಮ್ಮ ಮನೆ ಬಾಗಿಲಿಗೆ ಬಂದವ್ಳೆ, ಚರಂಡಿಗೆ ಬಿಡ್ತಾ ಇದ್ದೀಯಲ್ಲೋ, ನಿನ್ನ ಕೈ ಸೇದೋಗಾ!" ಎಂದು ಕೂಗಿದಳು. ಆ ಕೂಗಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಓಡಿ ಬಂದರು. ಓಂಕಾರಪ್ಪ ಮೋಟಾರು ನಿಲ್ಲಿಸಿದ. ಅಮ್ಮ ಬೈದರೆ ಆ ವಯಸ್ಸಿನಲ್ಲೂ ಅವನು ಎದುರಾಡುವವನಲ್ಲ.

ಸಂಜೆಯೊಳಗೆ ಗುಂಡಿಯ ಮೆಟ್ಟಿಲಿಗೆ ಅರಿಸಿನ ಕುಂಕುಮ ಬಿತ್ತು. ಬಲ್ಬಿನ ಗೂಡಿನಲ್ಲಿ ಯಾರೋ ಎಣ್ಣೆದೀಪ ಹಚ್ಚಿಟ್ಟರು. ಆ ನೀರಿನಲ್ಲಿ ಬೇಳೆ ಬೇಯಿಸಿದ ವಿಶಾಲಮ್ಮ, "ರೀ, ನೋಡ್ರಿ ಇಲ್ಲಿ, ಬೆಣ್ಣೆ ಬೆಂದಂಗೆ ಬೆಂದೈತೆ!" ಎಂದು ಸೌಟು ಹಿಡಿದುಕೊಂಡೇ ಗ್ಯಾರೇಜಿಗೆ ಓಡಿ ಬಂದಳು. ಗಂಡನ ಮುಖ ನೋಡಿದ್ದೇ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ನಾಲ್ಕು ದಿನ ಕಳೆದು ಚಿಕ್ಕಣ್ಣ ಬಂದ, ಊರವರೇ ಕಳಿಸಿದ್ದರು. ತಲೆ ತಗ್ಗಿಸಿಕೊಂಡು ಗುಂಡಿಯ ಅಂಚಿನಲ್ಲಿ ನಿಂತು, ಯಾಕೋ ಏನೋ, ಚೀಲದಿಂದ ಕಾಯಿ ತೆಗೆದು ಅಂಗೈ ಮೇಲೆ ಮಲಗಿಸಿದ. ಕಾಯಿ ಎದ್ದು ನಿಂತಿತು.

"ಈಗ ಎದ್ದೇಳ್ತಾ ಅದು?" ಎಂದ ಓಂಕಾರಪ್ಪ.

"ಬೈಯೋದಾದ್ರೆ ಬೈದುಬಿಡ್ಲಾ. ಅವತ್ತು ನಿಜವಾಗ್ಲೂ ಎದ್ದಿರ್ಲಿಲ್ಲ." ಚಿಕ್ಕಣ್ಣ ಗುಂಡಿಯೊಳಗೇ ನೋಡುತ್ತಾ ಹೇಳಿದ. "ಊರೋರು ಒಂದ್ಮಾತು ಹೇಳಿ ಕಳಿಸವ್ರೆ. ಜಾಗ ನಿಂದು, ಗುಂಡಿ ನಿಂದು, ಬ್ಯಾಡ ಅನ್ನಾಕೆ ನಾವ್ಯಾರು? ಆದ್ರೆ ಇಲ್ಲಿ ಗಾಡಿ ಬಿಚ್ಚಿದ್ರೆ ಎಣ್ಣೆ ಇಳೀತದೆ. ಹಿತ್ಲಲ್ಲಿ ಎಲ್ಲಿ ಬಿದ್ರೂ ಈ ನೀರಿಗೇ ಬತ್ತದೆ. ಮಕ್ಳು ಮರಿ ಕುಡಿಯೋ ನೀರು ಕಣಪ್ಪಾ."

ಓಂಕಾರಪ್ಪ ಏನು ಹೇಳಬೇಕಿತ್ತು? ಊರವರು ಕಾಲು ಕೆರೆದು ಜಗಳಕ್ಕೆ ಬಂದಿದ್ದರೆ ಅವನೂ ಎರಡು ಮಾತು ಆಡುತ್ತಿದ್ದ. ಇವರು ಕೈಮುಗಿದು ಕೇಳಿದರು. ಹಾಳಾಗಿ ಹೋಗಲಿ ಅನ್ನಲು ಒಬ್ಬ ಕೆಟ್ಟವನಾದರೂ ಬೇಡವೇ ಮನುಷ್ಯನಿಗೆ? ಊರೆಲ್ಲ ಹಬ್ಬ ಮಾಡುತ್ತಿರುವಾಗ, ಅಯ್ಯೋ ನೀರು ಬಂತಲ್ಲಾ ಅಂತ ಅಳುವವನನ್ನು ಹುಚ್ಚ ಅಂದಾರು. ವರ್ಷಗಟ್ಟಲೆ ಕ್ಯಾನು ಹೊತ್ತು ಕುತ್ತಿಗೆ ಸೊಟ್ಟಗಾಗಿದ್ದ ಸ್ವಂತ ಹೆಂಡತಿಯ ಎದುರಿಗೇ ಅಳಲಾಗದು. "ಆಯ್ತು ಕಣ್ ಹೋಗು, ಬಿಚ್ಚಲ್ಲ" ಎಂದ.

ಸರಪಳಿ ರಾಟೆಗೆ ಹಗ್ಗ ಕಟ್ಟಿ ಹೆಂಗಸರು ನೀರು ಸೇದತೊಡಗಿದರು. ಎಂಜಿನ್ ಎತ್ತುವ ರಾಟೆಗೆ ಕೊಡ ಒಂದು ಭಾರವೇ! ಒಬ್ಬೊಬ್ಬರೂ ಹೋಗುವಾಗ, "ನಿಮ್ ಹೊಟ್ಟೆ ತಣ್ಣಗಿರ್ಲಿ ಓಂಕಾರಣ್ಣ" ಎಂದು ಹರಸಿಯೇ ಹೋಗುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ. ಒಂದೊಂದು ಹರಕೆಯೂ ಅವನ ಹೊಟ್ಟೆಯಲ್ಲಿ ಬೆಂಕಿ ಹಾಕುತ್ತಿತ್ತು. ಹಗಲೆಲ್ಲ ಹಲಗೆಯ ಎದುರು ಸ್ಟೂಲು ಹಾಕಿಕೊಂಡು ಕೂತು, ತುಕ್ಕು ಹಿಡಿಯದಿರಲಿ ಅಂತ ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಒರೆಸಿದ ಮೇಲೆ ಕೆಂಪು ಗೆರೆಯೊಳಗೆ ತಿರುಗಿ ಸಿಕ್ಕಿಸುತ್ತಿದ್ದ. ಒಂದೂ ಆಕಾರ ಖಾಲಿ ಇರುತ್ತಿರಲಿಲ್ಲ.

ಒಂದು ಹಟ ಮಾತ್ರ ಅವನಲ್ಲಿ ಉಳಿದಿತ್ತು. ಆ ನೀರನ್ನು ಅವನು ಕುಡಿಯುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಲೋಟ ಇಟ್ಟರೆ ಮುಟ್ಟುತ್ತಿರಲಿಲ್ಲ, ಅಷ್ಟೇ. ವಿಶಾಲಮ್ಮ ಒಂದೆರಡು ಸಲ ನೋಡಿದಳು. ಆಮೇಲೆ ಏನೂ ಕೇಳದೆ, ಊರಲ್ಲಿ ಈಗ ಯಾರೂ ಹೋಗದ ಆ ಫಿಲ್ಟರ್ ನೀರಿಗೆ ತಾನೊಬ್ಬಳೇ ನಡೆದು ಹೋಗಿ, ಗಂಡನಿಗಾಗಿ ಒಂದು ಕ್ಯಾನು ತಂದಿಡತೊಡಗಿದಳು. ಯಾರಾದರೂ ಕೇಳಿದರೆ, "ನಡೆದು ಅಭ್ಯಾಸ ಆಗೋಗೈತೆ ಕಣಮ್ಮಿ" ಎನ್ನುತ್ತಿದ್ದಳು.

ಸುಗ್ಗಿಯ ಹೊತ್ತಿಗೆ ಹೇಮಂತನ ಟ್ರ್ಯಾಕ್ಟರು ರಾಗಿ ಹೊರೆ ಹೇರಿಕೊಂಡು ಬಂದು ಊರ ಮುಂದಿನ ರಸ್ತೆಯಲ್ಲೇ ಕೆಟ್ಟು ನಿಂತಿತು. ಕೆಳಗಿನಿಂದ ಎಣ್ಣೆ ಸುರಿಯುತ್ತಿತ್ತು. "ನೀವು ಬ್ಯಾಡ ಓಂಕಾರಣ್ಣ, ನಿಮ್ ಬೆನ್ನು ಸರಿಯಿಲ್ಲ, ಜಾವಗಲ್ಲಿಂದ ಯಾರನ್ನಾದ್ರೂ ಕರ್ಕೊಂಡ್ ಬತ್ತೀನಿ" ಎಂದ ಹೇಮಂತ. ಓಂಕಾರಪ್ಪ ಗ್ಯಾರೇಜಿಗೆ ಹೋಗಿ ಹಲಗೆಯಿಂದ ಎರಡು ಸ್ಪ್ಯಾನರು ತೆಗೆದುಕೊಂಡ. ಮನೆಯ ಅಟ್ಟದ ಮೇಲೆ ಎಸೆದಿದ್ದ ಹಳೆಯ ಗೋಣಿಚೀಲವನ್ನು ಇಳಿಸಿ ಕೊಡವಿಕೊಂಡು ಬಂದು ರಸ್ತೆಯ ಮೇಲೆ ಹಾಸಿದ. ಅಂಗಾತ ಮಲಗಿ ಗಾಡಿಯ ಅಡಿಗೆ ಸರಿದುಕೊಂಡ.

ಕೆಲಸವೇನೋ ಆಯಿತು. ಕಡೆಯ ಬೋಲ್ಟು ಬಿಗಿದು ಹೊರಗೆ ಸರಿಯಬೇಕು ಅಂದಾಗ ಸೊಂಟದ ಕೆಳಗೆ ಏನೋ ಕಳಚಿದ ಹಾಗಾಯಿತು. ಕಾಲೂರಿ ನೂಕಿಕೊಳ್ಳಲು ಹೋದ, ಕಾಲು ಮಾತು ಕೇಳಲಿಲ್ಲ. ಹೇಮಂತ ಕಾಲು ಹಿಡಿದು ಎಳೆದದ್ದಕ್ಕೆ ಕಿರುಚಿಬಿಟ್ಟ. ಆಟೋ ತರಲು ಹೇಮಂತ ಓಡಿದ. ರಸ್ತೆಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಹೆಂಗಸರು ಹೊರಗೆ ಚಾಚಿದ್ದ ಅವನ ಪಾದಗಳನ್ನು ನೋಡಿ ನಿಂತರು. ಅವರಲ್ಲೊಬ್ಬಳು ಮನೆಗೆ ಹೋಗಿ ಹೇಳಿದಳು.

ವಿಶಾಲಮ್ಮ ಚೊಂಬು ಹಿಡಿದು ಓಡಿ ಬಂದಳು. ನೆಲದ ಮೇಲೆ ಕೂತು, ಬಗ್ಗಿ ಗಾಡಿಯ ಅಡಿಗೆ ತಲೆ ಹಾಕಿದಳು. "ಏಳ್ರೀ" ಎಂದಳು.

"ಆಗಲ್ಲ ಕಣೇ. ಇನ್ನು ಆಗಲ್ಲ."

ಅವಳು ಚೊಂಬನ್ನು ಅವನ ಬಾಯಿಯ ಹತ್ತಿರಕ್ಕೆ ತಂದು, "ಕ್ಯಾನು ಖಾಲಿಯಾಗೈತೆ. ಇದು ಗುಂಡಿದು" ಎಂದಳು.

ಅವನ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಬಾಯಿ ತೆರೆದ. ಅವಳು ಅವನ ತಲೆಯ ಕೆಳಗೆ ಅಂಗೈ ಕೊಟ್ಟು ಚೊಂಬು ಬಗ್ಗಿಸಿದಳು. ಒಂದಷ್ಟು ಗಂಟಲಿಗೆ ಇಳಿಯಿತು, ಒಂದಷ್ಟು ಕೆನ್ನೆಯ ಮೇಲೆ ಹರಿದು ಕಿವಿಗೆ ಹೋಯಿತು. ಇಷ್ಟು ದಿನ ಅವನು ಮನಸ್ಸಿನಲ್ಲಿ ಒಂದೇ ಒಂದು ಆಸೆ ಬಚ್ಚಿಟ್ಟುಕೊಂಡಿದ್ದ. ಊರವರೆಲ್ಲ ಸುಮ್ಮನೆ ಹೊಗಳುತ್ತಿದ್ದಾರೆ, ಈ ನೀರೂ ಊರಿನ ಬೇರೆ ನೀರಿನ ಹಾಗೆ ಸವುಳೇ ಇರಬೇಕು ಅಂತ.

"ಸಿಹಿಯಾಗೈತೆ ಕಣೇ" ಎಂದು ಓಂಕಾರಪ್ಪ ಜೋರಾಗಿ ಅತ್ತುಬಿಟ್ಟ.